ವೇದಿಕೆಯ ಹೊಗಳಿಕೆ, ವಿಶ್ವಾಸಿಯ ಇರುಸುಮುರುಸು: ಓದುಗರ ಪ್ರಶ್ನೆಗಳಿಗೆ ಉತ್ತರ

ಪ್ರಶ್ನೆ: ಕಳೆದ ರಂಜಾನ್ ತಿಂಗಳಲ್ಲಿ ನಮ್ಮೂರಿನ ಇಫ್ತಾರ್ ಕೂಟಕ್ಕೆ ಎಲ್ಲ ಪಕ್ಷಗಳ ಮುಖಂಡರೂ ಬಂದಿದ್ದರು. ಒಬ್ಬರು ಬಿಳಿ ಜಾಲರಿ ಟೋಪಿ ಧರಿಸಿ, ಜಗತ್ತಿಗೆ ಶಾಂತಿ ಸಮಾನತೆಗಳನ್ನು ಕಲಿಸಿದ್ದೇ ಇಸ್ಲಾಂ ಎಂದು ಬಹಳ ಹೊತ್ತು ಮಾತನಾಡಿದರು. ವೇದಿಕೆಯ ಮೇಲಿದ್ದ ನಮ್ಮ ಫಾದರ್ ಕೂಡ ಚಪ್ಪಾಳೆ ತಟ್ಟಿದರು. ಕ್ರಿಸ್ತನೊಬ್ಬನೇ ರಕ್ಷಕನೆಂದು ಭಾನುವಾರ ಬೋಧಿಸುವವರು ಹೀಗೆ ಮಾಡಬಹುದೆ?
ಓದುಗರೊಬ್ಬರು, ಸಾಗರ

ಉತ್ತರ: ಮಾಡಬಹುದು. ತಮ್ಮ ಪ್ರಶ್ನೆಯಲ್ಲಿ ಎರಡು ಸಂಗತಿಗಳು ಗಂಟು ಬಿದ್ದಿವೆ. ಅವನ್ನು ಬಿಡಿಸಿಕೊಂಡರೆ ಫಾದರ್ ಮೇಲಿನ ಸಿಟ್ಟು ಅರ್ಧ ಇಳಿದೀತು. ತನ್ನ ಕ್ಷೇತ್ರದ ಒಂದು ಸಮುದಾಯ ದಿನವಿಡೀ ಉಪವಾಸವಿದ್ದು ಸಂಜೆ ಖರ್ಜೂರ ಬಾಯಿಗಿಡುವ ಹೊತ್ತಿಗೆ ಜನಪ್ರತಿನಿಧಿಯೊಬ್ಬರು ಅವರ ನಡುವೆ ಕುಳಿತು, ಅವರ ಧರ್ಮದಲ್ಲಿ ತಾವು ಕಂಡ ಒಳಿತನ್ನು ನಾಲ್ಕು ಮಾತಿನಲ್ಲಿ ಹೇಳುವುದು ನಾಗರಿಕ ಸೌಜನ್ಯ. ಕ್ರಿಸ್ತನು ಯಾರು, ರಕ್ಷಣೆ ಯಾರಿಂದ ಎಂಬುದು ಧರ್ಮಸಭೆಯ ಸಾಕ್ಷ್ಯ. ಮೊದಲನೆಯದಕ್ಕೆ ತಟ್ಟಿದ ಚಪ್ಪಾಳೆಯಿಂದ ಎರಡನೆಯದು ಅಂಗುಲದಷ್ಟೂ ಕದಲುವುದಿಲ್ಲ. ಡಿಸೆಂಬರಿನಲ್ಲಿ ಅದೇ ಮುಖಂಡರು ನಮ್ಮ ಸಭಾಂಗಣಕ್ಕೆ ಬಂದು ಕೇಕ್ ಕತ್ತರಿಸಿ, ಯೇಸುವಿನ ಪ್ರೀತಿಯನ್ನೂ ಕ್ರೈಸ್ತರ ಶಾಲೆ ಆಸ್ಪತ್ರೆಗಳನ್ನೂ ಕೊಂಡಾಡುವಾಗ, ಇವರು ದೀಕ್ಷಾಸ್ನಾನಕ್ಕೆ ಸಿದ್ಧರಾದರೆಂದು ನಾವು ಎಂದಾದರೂ ತಿಳಿದದ್ದುಂಟೆ?

ಅನ್ಯಧರ್ಮವನ್ನು ಮೆಚ್ಚುವುದಕ್ಕೂ ಅದನ್ನು ಒಪ್ಪಿಕೊಳ್ಳುವುದಕ್ಕೂ ಇರುವ ಅಂತರ ನಮ್ಮ ಹಿರಿಯರಿಗೆ ಚೆನ್ನಾಗಿ ತಿಳಿದಿತ್ತು. ಪೂರ್ವದ ಸಿರಿಯಾಕ್ ಸಭೆಯ ಪರಮಗುರು (ಪೇಟ್ರಿಯಾರ್ಕ್) ಮೊದಲನೆಯ ತಿಮೊಥೆಯನಿಗೂ ಬಾಗ್ದಾದಿನ ಖಲೀಫ ಅಲ್ ಮಹ್ದಿಗೂ ಸುಮಾರು 781ರಲ್ಲಿ ನಡೆದ ಸಂವಾದ ಇಂದಿಗೂ ಓದಲು ಸಿಗುತ್ತದೆ. ಮುಹಮ್ಮದರ ಬಗ್ಗೆ ನಿನ್ನ ಅಭಿಪ್ರಾಯವೇನು ಎಂದು ಖಲೀಫ ನೇರವಾಗಿ ಕೇಳುತ್ತಾನೆ. ಅವರು ಪ್ರವಾದಿಗಳ ಹಾದಿಯಲ್ಲಿ ನಡೆದರು, ಜನರನ್ನು ವಿಗ್ರಹಗಳಿಂದಲೂ ಕೆಡುಕಿನಿಂದಲೂ ಬಿಡಿಸಿ ಒಬ್ಬ ದೇವರ ಕಡೆ ತಿರುಗಿಸಿದರು, ಆದ್ದರಿಂದ ಪ್ರಶಂಸೆಗೆ ಅರ್ಹರು ಎಂದು ತಿಮೊಥೆಯ ಉತ್ತರಿಸುತ್ತಾನೆ. ಆದರೆ ಅದೇ ಸಂವಾದದಲ್ಲಿ, ಅವರ ಬರುವಿಕೆಯನ್ನು ನಮ್ಮ ಪವಿತ್ರಗ್ರಂಥ ಮುನ್ನುಡಿದಿದೆ ಎಂಬ ವಾದವನ್ನು ಅವನು ಒಪ್ಪುವುದಿಲ್ಲ. ತ್ರಿತ್ವವನ್ನೂ ಕ್ರಿಸ್ತನ ದೈವತ್ವವನ್ನೂ ಪಟ್ಟು ಬಿಡದೆ ಸಮರ್ಥಿಸುತ್ತಾನೆ. ಖಲೀಫನ ಆಸ್ಥಾನದಲ್ಲೇ ನಿಂತು, ಹೊಗಳಬೇಕಾದಲ್ಲಿ ಹೊಗಳಿ ಅಲ್ಲವೆನ್ನಬೇಕಾದಲ್ಲಿ ಅಲ್ಲವೆಂದವನು ಅವನು. ನಮ್ಮ ಇಫ್ತಾರ್ ವೇದಿಕೆಗಳ ಇಕ್ಕಟ್ಟು ಅದರ ಮುಂದೆ ಏನೂ ಅಲ್ಲ.

ಕಥೋಲಿಕರಿಗೆ ಇನ್ನೂ ಸ್ಪಷ್ಟವಾದ ಆಧಾರವಿದೆ. ಎರಡನೆಯ ವ್ಯಾಟಿಕನ್ ಮಹಾಸಭೆ 1965ರ ಅಕ್ಟೋಬರ್ 28ರಂದು ಹೊರಡಿಸಿದ ಘೋಷಣೆಯಲ್ಲಿ ಮುಸ್ಲಿಮರನ್ನು ಧರ್ಮಸಭೆ ಗೌರವದಿಂದ ಕಾಣುತ್ತದೆಂದು ಹೇಳಿ, ಅವರ ಏಕದೇವಾರಾಧನೆ, ಮರಿಯಮ್ಮನವರ ಮೇಲಿನ ಭಕ್ತಿ, ಪ್ರಾರ್ಥನೆ, ದಾನ, ಉಪವಾಸಗಳನ್ನು ಹೆಸರಿಸಿ ಮೆಚ್ಚಿತು. ಯೇಸುವನ್ನು ಅವರು ಪ್ರವಾದಿಯೆಂದು ಗೌರವಿಸಿದರೂ ದೇವರೆಂದು ಒಪ್ಪುವುದಿಲ್ಲ ಎಂಬುದನ್ನೂ ಅಲ್ಲೇ ಬರೆದಿಟ್ಟಿತು. ಮುಹಮ್ಮದರ ಹೆಸರಾಗಲಿ ಕುರಾನಿನ ಹೆಸರಾಗಲಿ ಅಲ್ಲಿ ಬರುವುದಿಲ್ಲ ಎಂಬುದನ್ನು ಗಮನಿಸಿದರೆ, ಒಂದೊಂದು ಪದವನ್ನೂ ಎಷ್ಟು ತೂಗಿ ಬಳಸಿದ್ದಾರೆಂಬುದು ತಿಳಿಯುತ್ತದೆ. ಸುವಾರ್ತಾ (ಇವಾಂಜೆಲಿಕಲ್) ಸಭೆಗಳವರು ಪ್ರಮಾಣವೆಂದು ಕಾಣುವ 1974ರ ಲೌಸಾನ್ ಒಡಂಬಡಿಕೆಯಾದರೋ, ಎಲ್ಲ ಧರ್ಮಗಳ ಮೂಲಕವೂ ಕ್ರಿಸ್ತನು ಸಮಾನವಾಗಿ ಮಾತನಾಡುತ್ತಾನೆ ಎಂಬ ಅರ್ಥ ಕೊಡುವ ಸಂವಾದವನ್ನು ಕಟುವಾಗಿ ನಿರಾಕರಿಸುತ್ತದೆ. ಎರಡರ ಧಾಟಿಯಲ್ಲಿ ವ್ಯತ್ಯಾಸವಿದೆ, ಅದನ್ನು ಮುಚ್ಚಿಡಬೇಕಾಗಿಲ್ಲ. ಆದರೂ ನೆರೆಯವರ ಹಬ್ಬದ ದಿನ ಅವರಲ್ಲಿರುವ ಒಳ್ಳೆಯದನ್ನು ಹೇಳಬಾರದೆಂದು ಎರಡರಲ್ಲೂ ಇಲ್ಲ. ಯೇಸುವೇ ರೋಮನ್ ಶತಾಧಿಪತಿಯೊಬ್ಬನ ವಿಷಯದಲ್ಲಿ, ಇಂಥ ವಿಶ್ವಾಸವನ್ನು ಇಸ್ರಯೇಲಿನಲ್ಲೂ ಕಾಣಲಿಲ್ಲವೆಂದು ನೆರೆದ ಜನರ ಎದುರಿನಲ್ಲೇ ಹೇಳಿದ್ದು ಲೂಕನ ಶುಭಸಂದೇಶದ ಏಳನೆಯ ಅಧ್ಯಾಯದಲ್ಲಿದೆ.

ಒಂದು ಮಾತನ್ನು ಮುಜುಗರವಿಲ್ಲದೆ ಹೇಳಿಬಿಡುತ್ತೇನೆ. ಇಂತಹ ಪತ್ರಗಳು ಬಂದಾಗ ನನಗೆ ಅನಿಸುವುದೇನೆಂದರೆ, ನಮ್ಮವರ ಸಂಕಟದಲ್ಲಿ ದೇವಶಾಸ್ತ್ರದ ಪಾಲು ಕಡಿಮೆ, ನಮ್ಮನ್ನು ಯಾರೂ ಇಷ್ಟು ಹೊಗಳಲಿಲ್ಲವಲ್ಲ ಎಂಬುದರ ಪಾಲು ಹೆಚ್ಚು. ಓಟುಗಳ ಲೆಕ್ಕದಲ್ಲಿ ಶಿವಮೊಗ್ಗ ಜಿಲ್ಲೆಯ ಕ್ರೈಸ್ತರು ಚಿಕ್ಕ ಗುಂಪು. ಚಿಕ್ಕ ಗುಂಪಿಗೆ ಚಿಕ್ಕ ಭಾಷಣ ಸಿಗುತ್ತದೆ. ಅದು ರಾಜಕಾರಣದ ಗುಣ. ಇಸ್ಲಾಮಿನ ಮೇಲೆ ಅದನ್ನು ತೀರಿಸಿಕೊಳ್ಳುವುದು ನ್ಯಾಯವಲ್ಲ. ಇಸ್ಲಾಮನ್ನು ಹೊಗಳುವುದು ಒಂದೇ ಪಕ್ಷದ ರೂಢಿಯೆಂದೂ ತಿಳಿಯಬೇಡಿ. 2016ರ ಮಾರ್ಚ್ 17ರಂದು ದೆಹಲಿಯ ವಿಶ್ವ ಸೂಫಿ ಸಮಾವೇಶದಲ್ಲಿ, ಅಲ್ಲಾಹನ 99 ನಾಮಗಳಲ್ಲಿ ಒಂದೂ ಬಲಪ್ರಯೋಗವನ್ನಾಗಲಿ ಹಿಂಸೆಯನ್ನಾಗಲಿ ಸೂಚಿಸುವುದಿಲ್ಲ ಎಂದವರು ಪ್ರಧಾನಿ ನರೇಂದ್ರ ಮೋದಿ.

ಪ್ರಶ್ನೆ: ಅಮೆರಿಕದ ಅಧ್ಯಕ್ಷರು ತಾವು ಕ್ರೈಸ್ತರೆನ್ನುತ್ತಲೇ ಇಸ್ಲಾಮನ್ನು ಹೊಗಳಿ ವಿಶ್ವಾಸದ್ರೋಹ ಮಾಡಿದರೆಂಬ ವಾಟ್ಸಾಪ್ ಸಂದೇಶ ನಮ್ಮ ಸಭೆಯ ಗುಂಪಿನಲ್ಲಿ ಓಡಾಡುತ್ತಿದೆ. ಇದರಲ್ಲಿ ನಿಜವೆಷ್ಟು?
ಒಬ್ಬ ಯುವಕ, ಭದ್ರಾವತಿ

ಉತ್ತರ: ಹೊಗಳಿದ್ದು ನಿಜ, ದ್ರೋಹವೆಂಬುದು ಸಂದೇಶ ಕಳಿಸಿದವರ ತೀರ್ಪು. 2001ರ ಸೆಪ್ಟೆಂಬರ್ 11ರ ದಾಳಿಯ ನಂತರ ವಾರ ಕಳೆಯುವ ಮೊದಲೇ, ಸೆಪ್ಟೆಂಬರ್ 17ರಂದು, ಆಗಿನ ಅಧ್ಯಕ್ಷ ಜಾರ್ಜ್ ಬುಷ್ ವಾಷಿಂಗ್ಟನ್ನಿನ ಇಸ್ಲಾಮಿಕ್ ಕೇಂದ್ರಕ್ಕೆ ಹೋಗಿ, ಇಸ್ಲಾಂ ಎಂದರೆ ಶಾಂತಿ ಎಂದರು. ದೇಶವೇ ಕುದಿಯುತ್ತಿದ್ದ ಆ ದಿನಗಳಲ್ಲಿ ಗಡ್ಡ ಮತ್ತು ಪೇಟ ಕಂಡವರ ಮೇಲೆಲ್ಲ ಹಲ್ಲೆಗಳಾಗುತ್ತಿದ್ದವು. ಅರಿಜೋನಾದಲ್ಲಿ ಮುಸ್ಲಿಮನೆಂದು ತಪ್ಪಾಗಿ ತಿಳಿದು ಒಬ್ಬ ಸಿಖ್ಖನನ್ನು ಕೊಂದಿದ್ದರು. ತನ್ನ ಪ್ರಜೆಗಳ ಪ್ರಾಣ ಉಳಿಸಲು ಆಳುವವನು ಆಡಿದ ಮಾತು ಅದು, ಮತ್ತು ನನ್ನ ದೃಷ್ಟಿಯಲ್ಲಿ ಅವರ ಆಡಳಿತಾವಧಿಯ ಒಳ್ಳೆಯ ಗಳಿಗೆಗಳಲ್ಲಿ ಒಂದು. ಅದಾಗಿ ಕೆಲವೇ ವಾರಗಳಲ್ಲಿ, ಅವರ ಪದಗ್ರಹಣದಲ್ಲಿ ಪ್ರಾರ್ಥಿಸಿದ್ದ ಬೋಧಕ ಫ್ರಾಂಕ್ಲಿನ್ ಗ್ರಹಾಂ ಇಸ್ಲಾಮನ್ನು ದುಷ್ಟ ಧರ್ಮವೆಂದು ಕರೆದರು. ಒಂದೇ ವಿಶ್ವಾಸದ ಇಬ್ಬರು, ಎರಡು ದಿಕ್ಕು.

2003ರ ನವೆಂಬರಿನದು ಬೇರೆ ಪ್ರಸಂಗ. ಲಂಡನ್ನಿನಲ್ಲಿ ಪತ್ರಕರ್ತರು ಕೇಳಿದಾಗ, ಮುಸ್ಲಿಮರೂ ನಾವೂ ಆರಾಧಿಸುವುದು ಒಬ್ಬನೇ ದೇವರನ್ನು ಎಂದು ನಂಬುತ್ತೇನೆ ಎಂದುಬಿಟ್ಟರು ಬುಷ್. ಅವರ ಬೆನ್ನಿಗಿದ್ದ ಸದರ್ನ್ ಬ್ಯಾಪ್ಟಿಸ್ಟ್ ಎಂಬ ಪ್ರೊಟೆಸ್ಟೆಂಟ್ ಪಂಗಡದವರಿಗೇ ಇದು ನುಂಗಲಾರದ ತುತ್ತಾಯಿತು. ಆ ಸಭೆಯ ಮುಖಂಡ ರಿಚರ್ಡ್ ಲ್ಯಾಂಡ್, ಅವರು ಸೇನೆಗೆ ದಂಡನಾಯಕರು, ದೇವಶಾಸ್ತ್ರಕ್ಕಲ್ಲ ಎಂಬರ್ಥದ ಮಾತನ್ನಾಡಿದರು. ಪ್ರಶ್ನೆಯ ಒಳಹುರುಳಿನಲ್ಲಿ ಕಥೋಲಿಕ ಬೋಧನೆ ಬುಷ್ ಅವರಿಗೆ ಹೆಚ್ಚು ಹತ್ತಿರವಿದೆ, ಬ್ಯಾಪ್ಟಿಸ್ಟರು ದೂರವಿದ್ದಾರೆ. ಆದರೆ ಯಾರ ಕೆಲಸ ಯಾವುದು ಎಂಬ ವಿಚಾರದಲ್ಲಿ ಲ್ಯಾಂಡ್ ಹೇಳಿದ್ದೇ ಸರಿ. ನಿಜವಾದ ಇಸ್ಲಾಂ ಯಾವುದು, ದೇವರು ಒಬ್ಬನೇ ಹೌದೆ ಎಂದು ತೀರ್ಪು ಕೊಡುವ ಅಧಿಕಾರವನ್ನು ಮತದಾರರು ಯಾರಿಗೂ ಕೊಟ್ಟಿಲ್ಲ.

ಇನ್ನು ಬರಾಕ್ ಒಬಾಮಾ ಅವರು 2009ರ ಜೂನ್ 4ರಂದು ಕೈರೋ ವಿಶ್ವವಿದ್ಯಾಲಯದಲ್ಲಿ ಮಾಡಿದ ಭಾಷಣ. ತಾನು ಕ್ರೈಸ್ತನೆಂದೂ ತಂದೆಯ ಮನೆತನದಲ್ಲಿ ತಲೆತಲಾಂತರದಿಂದ ಮುಸ್ಲಿಮರಿದ್ದರೆಂದೂ ಅವರು ಅಲ್ಲಿ ಹೇಳಿದರು. ಬೀಜಗಣಿತ, ದಿಕ್ಸೂಚಿ, ವೈದ್ಯಶಾಸ್ತ್ರಗಳಿಗಾಗಿ ಇಸ್ಲಾಮೀ ನಾಗರಿಕತೆಗೆ ಲೋಕ ಋಣಿಯೆಂದರು. ಸಂದೇಶ ಹಂಚುವವರು ಇಷ್ಟನ್ನು ಮಾತ್ರ ಕತ್ತರಿಸಿಕೊಳ್ಳುತ್ತಾರೆ. ಅದೇ ಭಾಷಣದಲ್ಲಿ, ಈಜಿಪ್ಟಿನ ಮಣ್ಣಿನಲ್ಲೇ ನಿಂತು, ಈಜಿಪ್ಟಿನ ಕಾಪ್ಟಿಕ್ ಕ್ರೈಸ್ತರನ್ನೂ ಲೆಬನಾನಿನ ಮಾರೋನೈಟ್ ಕ್ರೈಸ್ತರನ್ನೂ ಹೆಸರಿಸಿ, ಈ ಧಾರ್ಮಿಕ ವೈವಿಧ್ಯವನ್ನು ಎತ್ತಿಹಿಡಿಯಬೇಕೆಂದು ಅವರು ಕೇಳಿದ್ದರು. ಬಹುಸಂಖ್ಯಾತರನ್ನು ಹೊಗಳುವ ವೇದಿಕೆಯಲ್ಲೇ ಅಲ್ಪಸಂಖ್ಯಾತರ ಹೆಸರು ಎತ್ತುವುದು ಸುಲಭದ ಕೆಲಸವಲ್ಲ. ನಾಯಕನೊಬ್ಬನ ಹೊಗಳಿಕೆಯನ್ನು ನಾನು ಮೊದಲು ತೂಗಿ ನೋಡುವುದು ಈ ಬಟ್ಟಿನಿಂದಲೇ.

ಹಾಗೆಂದು ಆ ಭಾಷಣ ನಿರ್ದೋಷವಾಗಿತ್ತೆಂದು ಹೇಳಲಾರೆ. ಇಸ್ಲಾಮಿನ ಸಹಿಷ್ಣುತೆಗೆ, ಸ್ಪೇನಿನ ಧರ್ಮವಿಚಾರಣೆಯ (ಇನ್‌ಕ್ವಿಸಿಷನ್) ಕಾಲದ ಆಂದಲೂಸಿಯ ಮತ್ತು ಕಾರ್ಡೋಬಾಗಳನ್ನು ಅವರು ಉದಾಹರಣೆ ಕೊಟ್ಟರು. ಕಾರ್ಡೋಬಾ ಕ್ರೈಸ್ತ ದೊರೆಯ ವಶವಾದದ್ದು 1236ರಲ್ಲಿ. ಸ್ಪೇನಿನ ಧರ್ಮವಿಚಾರಣೆ ಆರಂಭವಾದದ್ದು 1478ರಲ್ಲಿ. ಅಂದರೆ ಆ ಹೊತ್ತಿಗೆ ಕಾರ್ಡೋಬಾದಲ್ಲಿ ಮುಸ್ಲಿಂ ಆಳ್ವಿಕೆ ಮುಗಿದು ಇನ್ನೂರು ವರ್ಷ ದಾಟಿತ್ತು. ಸುಳ್ಳುಸಾಕ್ಷಿ ಹೇಳಬಾರದೆಂಬ ಆಜ್ಞೆ ತೆಗಳಿಕೆಗೆ ಮಾತ್ರ ಅನ್ವಯಿಸುವುದಿಲ್ಲ, ಹೊಗಳಿಕೆಗೂ ಅನ್ವಯಿಸುತ್ತದೆ. ಇಂತಹದನ್ನು ಎತ್ತಿ ತೋರಿಸುವ ಕ್ರೈಸ್ತನನ್ನು ದ್ವೇಷಿಯೆನ್ನಬಾರದು. ಆದರೆ ಅದೇ ಕ್ರೈಸ್ತನು ಆ ಧರ್ಮವಿಚಾರಣೆ ನಡೆಸಿದವರು ಯಾರೆಂಬುದನ್ನೂ ಮರೆಯಬಾರದು.

ಪ್ರಶ್ನೆ: ಪಾಕಿಸ್ತಾನದಲ್ಲಿ, ಮಧ್ಯಪ್ರಾಚ್ಯದಲ್ಲಿ ನಮ್ಮವರು ಸಾಯುತ್ತಿರುವಾಗ ಇಂಥ ಹೊಗಳಿಕೆ ಕೇಳಿ ಸುಮ್ಮನಿರುವುದು ಹೇಗೆ?
ನಿವೃತ್ತ ಶಿಕ್ಷಕಿ, ಶಿವಮೊಗ್ಗ

ಉತ್ತರ: ಸುಮ್ಮನಿರಬೇಕಾಗಿಲ್ಲ. 2015ರ ಫೆಬ್ರುವರಿಯಲ್ಲಿ ಲಿಬಿಯಾದ ಕಡಲ ತೀರದಲ್ಲಿ ಕತ್ತು ಕೊಯ್ಯಲ್ಪಟ್ಟ 21 ಮಂದಿಯನ್ನು ಕಾಪ್ಟಿಕ್ ಸಭೆ ರಕ್ತಸಾಕ್ಷಿಗಳೆಂದು ಸ್ಮರಿಸುತ್ತದೆ. ನಮ್ಮ ಪ್ರಾರ್ಥನೆಯಲ್ಲೂ ಅವರಿರಬೇಕು. ಆದರೆ ಪಾಕಿಸ್ತಾನದ ಆಸಿಯಾ ಬೀಬಿ ಎಂಬ ಕ್ರೈಸ್ತ ಮಹಿಳೆಯ ಪ್ರಕರಣವನ್ನು ಇಡಿಯಾಗಿ ನೋಡಿ. ಧರ್ಮನಿಂದನೆಯ ಆರೋಪದ ಮೇಲೆ 2010ರಲ್ಲಿ ಆಕೆಗೆ ಮರಣದಂಡನೆಯಾದಾಗ, ಜೈಲಿಗೇ ಹೋಗಿ ಆಕೆಯನ್ನು ಕಂಡು ಕ್ಷಮಾದಾನಕ್ಕೆ ಬಹಿರಂಗವಾಗಿ ದನಿಯೆತ್ತಿದವರು ಪಂಜಾಬ್ ಪ್ರಾಂತದ ರಾಜ್ಯಪಾಲ ಸಲ್ಮಾನ್ ತಾಸೀರ್, ಒಬ್ಬ ಮುಸ್ಲಿಂ. 2011ರ ಜನವರಿ 4ರಂದು ಅವರ ಅಂಗರಕ್ಷಕನೇ ಅವರನ್ನು ಗುಂಡಿಟ್ಟು ಕೊಂದ. ಎರಡು ತಿಂಗಳ ಬಳಿಕ, ಮಾರ್ಚ್ 2ರಂದು, ಅಲ್ಪಸಂಖ್ಯಾತರ ಖಾತೆಯ ಸಚಿವ ಶಹಬಾಜ್ ಭಟ್ಟಿ ಕೊಲೆಯಾದರು, ಅವರು ಕಥೋಲಿಕರು. ಕೊನೆಗೆ 2018ರ ಅಕ್ಟೋಬರ್ 31ರಂದು ಆಸಿಯಾ ಅವರನ್ನು ಖುಲಾಸೆಗೊಳಿಸಿದ್ದು ಅದೇ ದೇಶದ ಸುಪ್ರೀಂ ಕೋರ್ಟ್. ಕೊಂದವರಲ್ಲೂ ಕಾಪಾಡಿದವರಲ್ಲೂ ಮುಸ್ಲಿಮರಿದ್ದಾರೆ. ಇಸ್ಲಾಂ ಬರೀ ಶಾಂತಿ ಎಂಬ ಭಾಷಣಕ್ಕೂ ಬರೀ ಕ್ರೌರ್ಯ ಎಂಬ ಭಾಷಣಕ್ಕೂ ಈ ಒಂದು ಪ್ರಕರಣ ಬಗ್ಗುವುದಿಲ್ಲ. ಅಲ್ಲಿನ ಕಾನೂನನ್ನು ಟೀಕಿಸಿ, ದಯಮಾಡಿ; ಗಾಂಧಿ ಬಜಾರಿನ ವ್ಯಾಪಾರಿಯಿಂದ ಅದಕ್ಕೆ ಲೆಕ್ಕ ಕೇಳಬೇಡಿ.

ಪ್ರಶ್ನೆ: ನಮ್ಮ ಪೂರ್ವಿಕರು ಮಂಗಳೂರು ಕಡೆಯಿಂದ ಘಟ್ಟ ಹತ್ತಿ ಬಂದವರು. ಟಿಪ್ಪುವನ್ನು ರಾಜಕಾರಣಿಗಳು ಹೊಗಳಿದಾಗ ವಿರೋಧಿಸಿದರೆ ನಮ್ಮನ್ನು ಇಸ್ಲಾಂ ವಿರೋಧಿಗಳೆನ್ನುತ್ತಾರೆ.
ಅಡಿಕೆ ಬೆಳೆಗಾರರು, ತೀರ್ಥಹಳ್ಳಿ ತಾಲ್ಲೂಕು

ಉತ್ತರ: ಒಬ್ಬ ಅರಸನನ್ನು ಹೊಗಳುವುದು ಧರ್ಮವನ್ನು ಹೊಗಳಿದಂತಲ್ಲ, ತೆಗಳುವುದೂ ಹಾಗೆಯೇ. ತಮ್ಮ ಮನೆತನದ ನೆನಪಿಗೆ ಇತಿಹಾಸದ ಆಧಾರವಿದೆ. ಬಿದನೂರಿನ ಕೆಳದಿ ನಾಯಕರ ಆಳ್ವಿಕೆಯಲ್ಲಿ ಗೋವೆಯಿಂದ ಬಂದು ಕೆನರಾದಲ್ಲಿ ಬೇಸಾಯಕ್ಕೆ ನೆಲೆ ಕಂಡ ಕೊಂಕಣಿ ಕ್ರೈಸ್ತರನ್ನು, ಇಂಗ್ಲಿಷರಿಗೆ ನೆರವಾದರೆಂಬ ಶಂಕೆಯ ಮೇಲೆ 1784ರಲ್ಲಿ ಟಿಪ್ಪು ಸೆರೆಹಿಡಿಸಿ ಶ್ರೀರಂಗಪಟ್ಟಣಕ್ಕೆ ನಡೆಸಿದ. ದಾರಿಯಲ್ಲೂ ಸೆರೆಯಲ್ಲೂ ಬಹಳ ಜನ ಸತ್ತರು, ಚರ್ಚುಗಳು ನೆಲಸಮವಾದವು, ಉಳಿದವರು ಊರಿಗೆ ಮರಳಲು ಸಾಧ್ಯವಾದದ್ದು 1799ರಲ್ಲಿ ಅವನು ಬಿದ್ದ ಮೇಲೆ. 2015ರಲ್ಲಿ ಸರ್ಕಾರ ಟಿಪ್ಪು ಜಯಂತಿ ಆರಂಭಿಸಿದಾಗ ಕರಾವಳಿಯ ಕ್ರೈಸ್ತರಲ್ಲಿ ಎದ್ದ ಆಕ್ಷೇಪ ಈ ನೆನಪಿನದು, ಮತ್ತು ಅದನ್ನು ಹೇಳುವ ಹಕ್ಕು ಅವರಿಗಿದೆ. 2019ರಲ್ಲಿ ಬಂದ ಸರ್ಕಾರ ಆಚರಣೆಯನ್ನು ಕೈಬಿಟ್ಟಿತು.

ಆದರೆ ಇದೇ ಮಲೆನಾಡಿನ ಶೃಂಗೇರಿಯನ್ನು 1791ರಲ್ಲಿ ಮರಾಠಾ ದಂಡು ಲೂಟಿ ಮಾಡಿದಾಗ, ಮಠಕ್ಕೆ ಹಣ, ಧಾನ್ಯ ಕಳಿಸಿ, ಜಗದ್ಗುರುಗಳಿಗೆ ಗೌರವದಿಂದ ಪತ್ರ ಬರೆದವನೂ ಅದೇ ಟಿಪ್ಪು. ವೇದಿಕೆಯ ಮೇಲೆ ಒಬ್ಬರು ಶೃಂಗೇರಿಯನ್ನು ಮಾತ್ರ ಹೇಳುತ್ತಾರೆ, ಇನ್ನೊಬ್ಬರು ಶ್ರೀರಂಗಪಟ್ಟಣವನ್ನು ಮಾತ್ರ. ತಾವು ಎರಡನ್ನೂ ಹೇಳಿ, ಆಮೇಲೆ ತಮ್ಮ ವಿರೋಧವನ್ನೂ ಹೇಳಿ. ಯಾರದೋ ಮೆರವಣಿಗೆಗೆ ಜನ ತುಂಬಿಸುವ ಸಲುವಾಗಿ ತಮ್ಮ ಪೂರ್ವಿಕರ ಸಂಕಟವನ್ನು ಸಾಲ ಕೊಡಬೇಡಿ; ಕೊಟ್ಟವರಿಗೆ ಅದು ಮರಳಿ ಬಂದದ್ದನ್ನು ನಾನು ಕಂಡಿಲ್ಲ.

ಪ್ರಶ್ನೆ: ಹಣಗೆರೆಕಟ್ಟೆಯ ಹಾಗೆ ಎಲ್ಲ ಧರ್ಮವೂ ಒಂದೇ ಎಂದು ನಾಯಕರೊಬ್ಬರು ಸಭೆಯಲ್ಲಿ ಹೇಳಿದರು. ಒಪ್ಪಬಹುದೆ?
ಕಾಲೇಜು ವಿದ್ಯಾರ್ಥಿನಿ, ಹೊಸನಗರ

ಉತ್ತರ: ಹಣಗೆರೆಕಟ್ಟೆಯಲ್ಲಿ ದರ್ಗಾವೂ ಭೂತರಾಯ ಚೌಡೇಶ್ವರಿಯರ ಸನ್ನಿಧಿಯೂ ಒಂದೇ ಸೂರಿನಡಿ ಇವೆ, ಎರಡೂ ಕಡೆಯ ಭಕ್ತರು ಜಗಳವಿಲ್ಲದೆ ಹರಕೆ ತೀರಿಸುತ್ತಾರೆ. ಒಟ್ಟಿಗಿದ್ದಾರೆ ಎಂಬುದಷ್ಟೇ ಅದರ ಸಾಕ್ಷ್ಯ. ಎಲ್ಲ ಒಂದೇ ಎಂದರೆ ಕ್ರೈಸ್ತರಿಗಿಂತ ಮೊದಲು ಮುಸ್ಲಿಂ ವಿದ್ವಾಂಸರೇ ಆಕ್ಷೇಪಿಸಿಯಾರು.

ಪ್ರಶ್ನೆ: ಈ ಸಲ ನಮ್ಮ ಚರ್ಚಿನ ಕ್ರಿಸ್ಮಸ್ ಕೂಟಕ್ಕೆ ರಾಜಕೀಯ ಮುಖಂಡರನ್ನು ಕರೆಯುವುದು ಬೇಡವೆಂದು ಕೆಲವರ ವಾದ. ತಮ್ಮ ಸಲಹೆ?
ಪಾಲನಾ ಸಮಿತಿಯ ಸದಸ್ಯರು, ಕೊಪ್ಪ

ಉತ್ತರ: ಕರೆಯಿರಿ. ಮಸೀದಿ ಸಮಿತಿಯವರನ್ನೂ ಕರೆಯಿರಿ, ಮುಂದಿನ ಸಾಲಿನಲ್ಲೇ ಕೂರಿಸಿ. ಮುಖಂಡರಿಗೆ ಮೈಕು ಕೊಡುವುದು ಬಲಿಪೂಜೆ ಮುಗಿದ ಮೇಲೆ, ಹೊರಗಿನ ಅಂಗಳದಲ್ಲಿರಲಿ. ಬಲಿಪೀಠದ ಬಳಿ ಬೇಡ. ನಮ್ಮನ್ನು ಹೊಗಳುವ ಭರದಲ್ಲಿ ಅವರು ಇನ್ನೊಂದು ಸಮುದಾಯವನ್ನು ಚುಚ್ಚಿದರೆ, ಆಗ ಚಪ್ಪಾಳೆ ತಟ್ಟಬಾರದೆಂದು ಸಮಿತಿಯವರಿಗೆ ಮೊದಲೇ ತಿಳಿಸಿರಿ.