ಸಿಡಿ ಇಲ್ಲದೆ ವಿಂಡೋಸ್ ಮತ್ತೆ ಹಾಕುವುದು: ಓದುಗರ ಪ್ರಶ್ನೆ, ನಮ್ಮ ಉತ್ತರ

ಈ ಸಲ ಬಂದ ಪ್ರಶ್ನೆಗಳಲ್ಲಿ ಹೆಚ್ಚಿನವು ಒಂದೇ ತೊಂದರೆಯವು. ಲ್ಯಾಪ್‌ಟಾಪಿನ ವಿಂಡೋಸ್ ಕೆಟ್ಟಿದೆ, ಕೊಂಡಾಗ ಸಿಡಿ ಕೊಟ್ಟಿರಲಿಲ್ಲ, ಮುಂದೇನು? ಅವುಗಳಲ್ಲಿ ಆರನ್ನು ಆರಿಸಿಕೊಂಡಿದ್ದೇವೆ.

ಪ್ರಶ್ನೆ: ಅಪ್‌ಡೇಟ್ ಆಗೂ ಮುಂದ ಕರೆಂಟ್ ಹೋತು. ಬ್ಯಾಟರಿ ಮೊದಲ ನಿಲ್ಲತಿರಲಿಲ್ಲ, ಲ್ಯಾಪ್‌ಟಾಪ್ ಬಂದ್ ಆತು. ಈಗ ಕಂಪನಿ ಲೋಗೊ ಬರ್ತೈತಿ, ಚುಕ್ಕಿ ತಿರುಗ್ತಾವ, ಮತ್ತ ರೀಸ್ಟಾರ್ಟ್ ಆಗ್ತೈತಿ. ಸಿಡಿ ಕೊಟ್ಟಿಲ್ಲ, ಸಿಡಿ ಹಾಕೋ ಜಾಗಾನೂ ಇಲ್ಲ. ಅಂಗಡಿಯವರು ‘ಫಾರ್ಮ್ಯಾಟ್ ಮಾಡಬೇಕು, ಒಳಗಿಂದೇನೂ ಉಳಿಯಂಗಿಲ್ಲ’ ಅಂತಾರ. ನನ್ನ ಪ್ರಾಜೆಕ್ಟ್ ಎಲ್ಲಾ ಅದರಾಗ ಐತ್ರಿ.
— ಬಿ.ಕಾಂ. ವಿದ್ಯಾರ್ಥಿನಿ, ಗದಗ

ಉತ್ತರ: ಫಾರ್ಮ್ಯಾಟ್ ಮಾಡಿಸಬೇಡಿ. ಅಪ್‌ಡೇಟ್ ಅರ್ಧಕ್ಕೆ ನಿಂತಾಗ ಕೆಡುವುದು ವಿಂಡೋಸಿನ ಸ್ವಂತ ಫೈಲುಗಳು. ನಿಮ್ಮ ಪ್ರಾಜೆಕ್ಟ್ ಇರುವ ಫೋಲ್ಡರನ್ನು ಅದು ಸಾಮಾನ್ಯವಾಗಿ ಮುಟ್ಟಿರುವುದಿಲ್ಲ. ಇನ್ನು ಸಿಡಿಯ ಚಿಂತೆಯೂ ಬೇಡ. ವಿಂಡೋಸ್ 8 ಬಂದಾಗಿನಿಂದ, ಕಾರ್ಖಾನೆಯಲ್ಲೇ ವಿಂಡೋಸ್ ಹಾಕಿ ಮಾರಿದ ಲ್ಯಾಪ್‌ಟಾಪುಗಳ ಲೈಸೆನ್ಸ್ ಕೀ ಮದರ್‌ಬೋರ್ಡಿನ ಚಿಪ್ಪಿನಲ್ಲೇ ಇರುತ್ತದೆ. ಡಿಸ್ಕ್ ಬದಲಿಸಿದರೂ ಅದು ಅಳಿಯುವುದಿಲ್ಲ. ವಿಂಡೋಸನ್ನು ಮೈಕ್ರೋಸಾಫ್ಟ್ ತಾಣದಿಂದ ಪುಕ್ಕಟೆ ಇಳಿಸಿಕೊಳ್ಳಬಹುದು. ಹಾಗಾಗಿ ಕಾಪಾಡಬೇಕಾದದ್ದು ನಿಮ್ಮ ಫೈಲುಗಳನ್ನು ಮಾತ್ರ, ಮೊದಲ ಕೆಲಸವೂ ಅದೇ.

ಚಾರ್ಜರ್ ಹಾಕಿ, ಆದರೆ ಗೋಡೆಯ ಪ್ಲಗ್ಗಿಗಲ್ಲ, ಇನ್ವರ್ಟರ್ ಅಥವಾ ಯುಪಿಎಸ್ ಮೇಲಿನ ಪ್ಲಗ್ಗಿಗೆ. ಇನ್ನೊಮ್ಮೆ ನಡುವೆ ಕರೆಂಟ್ ಹೋದರೆ ಈಗ ಉಳಿದಿರುವುದೂ ಹೋಗಬಹುದು. ಲ್ಯಾಪ್‌ಟಾಪ್ ಆನ್ ಮಾಡಿ, ಚುಕ್ಕಿಗಳು ತಿರುಗತೊಡಗಿದ ಕೂಡಲೇ ಪವರ್ ಬಟನ್ ಹತ್ತು ಸೆಕೆಂಡ್ ಒತ್ತಿ ಹಿಡಿದು ಆರಿಸಿ. ಇನ್ನೊಮ್ಮೆ ಹಾಗೇ ಮಾಡಿ. ಮೂರನೆಯ ಸಲಕ್ಕೆ ವಿಂಡೋಸ್ ತಾನಾಗಿ ರಿಪೇರಿಯ ನೀಲಿ ಪರದೆಗೆ ಹೋಗುತ್ತದೆ. ಅಲ್ಲಿ ಟ್ರಬಲ್‌ಶೂಟ್, ಅಡ್ವಾನ್ಸ್ಡ್ ಆಪ್ಷನ್ಸ್, ಕಮಾಂಡ್ ಪ್ರಾಂಪ್ಟ್ ಎಂದು ಒಂದೊಂದಾಗಿ ಒತ್ತಿ. ಕಪ್ಪು ಕಿಟಕಿ ತೆರೆದ ಮೇಲೆ ಇಂಗ್ಲಿಷಿನಲ್ಲಿ ‘ನೋಟ್‌ಪ್ಯಾಡ್’ ಎಂದು ಟೈಪಿಸಿ ಎಂಟರ್ ಒತ್ತಿ.

ತೆರೆದ ನೋಟ್‌ಪ್ಯಾಡಿನಲ್ಲಿ ಫೈಲ್, ಓಪನ್ ಒತ್ತಿ, ಕೆಳಗಿನ ಪಟ್ಟಿಯಲ್ಲಿ ‘ಆಲ್ ಫೈಲ್ಸ್’ ಆರಿಸಿದರೆ ಲ್ಯಾಪ್‌ಟಾಪಿನ ಎಲ್ಲ ಫೋಲ್ಡರುಗಳೂ ಕಾಣುತ್ತವೆ. ಇಲ್ಲಿ ಡ್ರೈವಿನ ಅಕ್ಷರಗಳು ಅದಲುಬದಲಾಗಿರುವುದುಂಟು. ನಿಮ್ಮ ಸಿ ಡ್ರೈವ್ ಡಿ ಎಂದು ತೋರಿದರೆ ಗಾಬರಿ ಬೇಡ, ‘ಯೂಸರ್ಸ್’ ಫೋಲ್ಡರ್ ಎಲ್ಲಿದೆ ನೋಡಿ. ಅದರೊಳಗೆ ನಿಮ್ಮ ಹೆಸರು, ಅದರೊಳಗೆ ಡೆಸ್ಕ್‌ಟಾಪ್, ಡಾಕ್ಯುಮೆಂಟ್ಸ್, ಡೌನ್‌ಲೋಡ್ಸ್. ಬೇಕಾದ ಫೋಲ್ಡರಿನ ಮೇಲೆ ರೈಟ್ ಕ್ಲಿಕ್ ಮಾಡಿ ಕಾಪಿ ಕೊಟ್ಟು, ಪೆನ್‌ಡ್ರೈವಿಗೆ ಹೋಗಿ ಪೇಸ್ಟ್ ಮಾಡಿ. ಎಷ್ಟು ಕಾಪಿಯಾಯಿತು ಎಂದು ತೋರಿಸುವ ಪಟ್ಟಿ ಇಲ್ಲಿ ಕಾಣದಿರಬಹುದು, ಕಿಟಕಿ ಸ್ತಬ್ಧವಾದಂತೆಯೂ ಅನಿಸಬಹುದು. ತಡೆದುಕೊಳ್ಳಿ. ಎಲ್ಲವನ್ನೂ ಒಮ್ಮೆಲೇ ಎತ್ತದೆ ಒಂದೊಂದೇ ಫೋಲ್ಡರ್ ತೆಗೆದುಕೊಳ್ಳಿ. ಮುಗಿದ ಮೇಲೆ ಆ ಪೆನ್‌ಡ್ರೈವನ್ನು ಬೇರೆ ಕಂಪ್ಯೂಟರಿಗೆ ಹಾಕಿ ಫೈಲುಗಳು ತೆರೆಯುತ್ತವೆಯೇ ಎಂದು ಕಣ್ಣಾರೆ ನೋಡುವವರೆಗೂ ಮುಂದಿನ ಹೆಜ್ಜೆ ಇಡಬೇಡಿ.

ಈಗ ರಿಪೇರಿ. ಅದೇ ಅಡ್ವಾನ್ಸ್ಡ್ ಆಪ್ಷನ್ಸ್‌ನಲ್ಲಿ ‘ಅನ್‌ಇನ್‌ಸ್ಟಾಲ್ ಅಪ್‌ಡೇಟ್ಸ್’ ಇದೆ. ನಿಮ್ಮದು ಅಪ್‌ಡೇಟಿನಿಂದಲೇ ಹುಟ್ಟಿದ ತೊಂದರೆಯಾದ್ದರಿಂದ ಮೊದಲು ಅದನ್ನೇ ನೋಡಿ, ಕ್ವಾಲಿಟಿ ಅಪ್‌ಡೇಟ್ ತೆಗೆಯಿರಿ. ಆಗದಿದ್ದರೆ ಸ್ಟಾರ್ಟಪ್ ರಿಪೇರ್, ಅದೂ ಆಗದಿದ್ದರೆ ಸಿಸ್ಟಮ್ ರಿಸ್ಟೋರ್. ಈ ಮೂರರಲ್ಲಿ ಒಂದು ಹತ್ತಿದರೆ ನಿಮ್ಮ ಪ್ರೋಗ್ರಾಮುಗಳೂ ಬಹುಮಟ್ಟಿಗೆ ಇದ್ದಂತೆಯೇ ಉಳಿಯುತ್ತವೆ.

ಯಾವುದೂ ಹತ್ತದಿದ್ದರೆ ಟ್ರಬಲ್‌ಶೂಟ್ ಅಡಿಯ ‘ರಿಸೆಟ್ ದಿಸ್ ಪಿಸಿ’. ಅಲ್ಲಿ ‘ಕೀಪ್ ಮೈ ಫೈಲ್ಸ್’ ಆರಿಸಿ. ಫೈಲುಗಳು ಉಳಿಯುತ್ತವೆ, ನೀವು ಹಾಕಿಕೊಂಡ ಪ್ರೋಗ್ರಾಮುಗಳು ಹೋಗುತ್ತವೆ. ಮುಂದೆ ಅದು ಎರಡು ದಾರಿ ಕೇಳುತ್ತದೆ. ‘ಲೋಕಲ್ ರೀಇನ್‌ಸ್ಟಾಲ್’ ಲ್ಯಾಪ್‌ಟಾಪಿನೊಳಗಿನ ಫೈಲುಗಳಿಂದಲೇ ವಿಂಡೋಸ್ ಕಟ್ಟುತ್ತದೆ. ಆದರೆ ನಿಮ್ಮಲ್ಲಿ ಕೆಟ್ಟಿರುವುದೇ ಆ ಫೈಲುಗಳು, ಅದು ನಡುವೆ ನಿಂತುಹೋಗುವ ಸಂಭವ ಹೆಚ್ಚು. ‘ಕ್ಲೌಡ್ ಡೌನ್‌ಲೋಡ್’ ಹೊಸದಾಗಿ ಇಳಿಸಿಕೊಳ್ಳುತ್ತದೆ, ನಿಮಗೆ ಇದೇ ಸರಿ. ಆದರೆ ಇದಕ್ಕೆ 4 ಜಿಬಿಗಿಂತ ಹೆಚ್ಚು ನೆಟ್ ಬೇಕು. ಮೊಬೈಲಿನಲ್ಲಿ ದಿನಕ್ಕೆ ಒಂದೂವರೆ ಎರಡು ಜಿಬಿಯ ಪ್ಯಾಕ್ ಇರುವವರ ಹಾಟ್‌ಸ್ಪಾಟಿನಲ್ಲಿ ಇದು ಮುಗಿಯದು. ಮನೆಯ ಬ್ರಾಡ್‌ಬ್ಯಾಂಡೋ ಕಾಲೇಜಿನ ವೈಫೈಯೋ ಇರುವಲ್ಲಿ ಮಾಡಿ.

ನೀಲಿ ಪರದೆಯೇ ಬರದಿದ್ದರೆ ತಯಾರಕರ ರಿಕವರಿ ಪಾರ್ಟಿಷನ್, ಅಂದರೆ ವಿಂಡೋಸ್ ಮತ್ತೆ ಹಾಕಲೆಂದು ಅವರು ಡಿಸ್ಕಿನಲ್ಲಿ ಕಾಯ್ದಿರಿಸಿದ ಭಾಗ, ಉಳಿದಿದೆಯೇ ನೋಡಿ. ಆನ್ ಮಾಡಿದ ಕ್ಷಣವೇ ಎಚ್‌ಪಿಯಲ್ಲಿ ಎಸ್ಕೇಪ್ ಒತ್ತಿ ಬಳಿಕ ಎಫ್ 11, ಏಸರ್‌ನಲ್ಲಿ ಆಲ್ಟ್ ಮತ್ತು ಎಫ್ 10, ಡೆಲ್‌ನಲ್ಲಿ ಎಫ್ 12, ಏಸಸ್‌ನ ಹಳೆಯ ಮಾದರಿಗಳಲ್ಲಿ ಎಫ್ 9. ಲೆನೊವೊದ ಹಲವು ಮಾದರಿಗಳಲ್ಲಿ ಪಕ್ಕದಲ್ಲೊಂದು ಸೂಜಿತೂತು ಇರುತ್ತದೆ, ಲ್ಯಾಪ್‌ಟಾಪ್ ಆಫ್ ಇದ್ದಾಗ ಪಿನ್ನಿನಿಂದ ಅದನ್ನು ಒತ್ತಬೇಕು. ಕಾರ್ಖಾನೆಯ ಸ್ಥಿತಿಗೆ ತರುವ ಈ ದಾರಿ ಬಹುತೇಕ ಎಲ್ಲವನ್ನೂ ಅಳಿಸಿಬಿಡುತ್ತದೆ. ಫೈಲ್ ತೆಗೆದುಕೊಳ್ಳದೆ ಇದಕ್ಕೆ ಕೈ ಹಾಕಬೇಡಿ.

ಉಳಿದದ್ದು ಪೆನ್‌ಡ್ರೈವ್. ಗೆಳತಿಯ ಕಂಪ್ಯೂಟರಿನಲ್ಲಿ ಮೈಕ್ರೋಸಾಫ್ಟಿನ ‘ಮೀಡಿಯಾ ಕ್ರಿಯೇಷನ್ ಟೂಲ್’ ಇಳಿಸಿ, ಕನಿಷ್ಠ 8 ಜಿಬಿಯ ಪೆನ್‌ಡ್ರೈವ್ ಹಾಕಿ ಓಡಿಸಿ. ಅದರಲ್ಲಿ ಇದ್ದದ್ದೆಲ್ಲ ಅಳಿಯುತ್ತದೆ. ಆದ್ದರಿಂದ ಪ್ರಾಜೆಕ್ಟ್ ಇಟ್ಟ ಪೆನ್‌ಡ್ರೈವ್ ಬೇರೆ, ಇದು ಬೇರೆ. ಆನ್ ಮಾಡುವಾಗ, ಯಾವುದರಿಂದ ಆರಂಭವಾಗಬೇಕೆಂದು ಕೇಳುವ ಬೂಟ್ ಪಟ್ಟಿ ತರಲು ಎಚ್‌ಪಿಯಲ್ಲಿ ಎಫ್ 9, ಡೆಲ್ ಮತ್ತು ಲೆನೊವೊದಲ್ಲಿ ಎಫ್ 12, ಏಸಸ್‌ನಲ್ಲಿ ಎಸ್ಕೇಪ್. ಏಸರ್‌ನಲ್ಲೂ ಎಫ್ 12, ಆದರೆ ಹಲವು ಸಲ ಅದು ಬಂದ್ ಇರುತ್ತದೆ. ಎಫ್ 2 ಒತ್ತಿ ಬಯೋಸ್‌ಗೆ (ವಿಂಡೋಸಿಗೂ ಮೊದಲು ಏಳುವ ಯಂತ್ರದ ಮೂಲ ಸೆಟ್ಟಿಂಗಿಗೆ) ಹೋಗಿ ‘ಎಫ್ 12 ಬೂಟ್ ಮೆನು’ ಚಾಲೂ ಮಾಡಬೇಕು.

ಪೆನ್‌ಡ್ರೈವಿನಿಂದ ಆರಂಭವಾದ ಮೇಲೂ ಮೊದಲು ಅದರೊಳಗಿನ ರಿಪೇರಿ ಆಯ್ಕೆಯನ್ನೇ ಹಿಡಿಯಿರಿ, ಮೇಲೆ ಹೇಳಿದ ನೋಟ್‌ಪ್ಯಾಡ್ ದಾರಿ ಅಲ್ಲಿಯೂ ಇದೆ. ಹೊಸದಾಗಿ ಹಾಕಲೇಬೇಕಾದರೆ, ಕೀ ಕೇಳಿದಾಗ ‘ನನ್ನ ಬಳಿ ಕೀ ಇಲ್ಲ’ ಎಂಬುದನ್ನು ಒತ್ತಿ ಮುಂದುವರಿಯಿರಿ. ಡಿಸ್ಕಿನ ಪಟ್ಟಿ ಬಂದಾಗ ಕೈ ನಿಧಾನವಾಗಲಿ. 100 ಎಂಬಿಯ ಆಸುಪಾಸಿನದ್ದು ಬೂಟ್ ಭಾಗ, 16 ಎಂಬಿಯದ್ದು ವಿಂಡೋಸ್ ಕಾಯ್ದಿರಿಸಿಕೊಂಡದ್ದು, ಒಂದೋ ಎರಡೋ ರಿಕವರಿ ಭಾಗ, ಉಳಿದ ದೊಡ್ಡದು ನಿಮ್ಮ ಸಿ ಡ್ರೈವ್. ಡಿ ಡ್ರೈವ್ ಮಾಡಿಕೊಂಡಿದ್ದರೆ ಅದೂ ದೊಡ್ಡದಾಗಿಯೇ ಕಾಣುತ್ತದೆ. ಇಲ್ಲಿ ಅಕ್ಷರವಿರುವುದಿಲ್ಲ, ಅಳತೆಯಿಂದಲೇ ಗುರುತಿಸಬೇಕು. ಸಿ ಭಾಗವನ್ನು ಫಾರ್ಮ್ಯಾಟ್ ಮಾಡದೆ ಅದನ್ನೇ ಆರಿಸಿ ನೆಕ್ಸ್ಟ್ ಒತ್ತಿದರೆ, ಜಾಗ ಸಾಕಷ್ಟಿದ್ದರೆ, ಹಳೆಯದೆಲ್ಲ ‘ವಿಂಡೋಸ್ ಡಾಟ್ ಓಲ್ಡ್’ ಎಂಬ ಫೋಲ್ಡರಿಗೆ ಸರಿಯುತ್ತದೆ. ಬೇಕಾದದ್ದನ್ನು ಅಲ್ಲಿಂದ ಕೂಡಲೇ ಎತ್ತಿಕೊಳ್ಳಿ, ಆ ಫೋಲ್ಡರನ್ನು ವಿಂಡೋಸ್ ಕೆಲವು ದಿನಗಳಲ್ಲಿ ತಾನೇ ಅಳಿಸುತ್ತದೆ. ಎಸ್‌ಎಸ್‌ಡಿಯಲ್ಲಿ (ತಿರುಗುವ ತಟ್ಟೆಯಿಲ್ಲದ ಡಿಸ್ಕಿನಲ್ಲಿ) ತಪ್ಪು ಭಾಗ ಅಳಿಸಿದರೆ ಮರಳಿ ಪಡೆಯುವುದು ಬಹುತೇಕ ಆಗದ ಮಾತು. ಅಳಿಸಿದ ಜಾಗವನ್ನು ಅದು ತಾನಾಗಿ ಖಾಲಿ ಮಾಡಿಬಿಡುತ್ತದೆ.

ಹೊಸ ವಿಂಡೋಸಿನಲ್ಲಿ ಟಚ್‌ಪ್ಯಾಡೋ ವೈಫೈಯೋ ಸುಮ್ಮನಿದ್ದರೆ ಅದು ಡ್ರೈವರ್ ಕೊರತೆ, ಅಂದರೆ ಆ ಭಾಗವನ್ನು ನಡೆಸುವ ಪ್ರೋಗ್ರಾಮು ಇಲ್ಲ. ಯುಎಸ್‌ಬಿ ಮೌಸ್ ಜೋಡಿಸಿ, ಆಂಡ್ರಾಯ್ಡ್ ಫೋನನ್ನು ಕೇಬಲ್ಲಿನಿಂದ ಸೇರಿಸಿ ‘ಯುಎಸ್‌ಬಿ ಟೆದರಿಂಗ್’ ಹಾಕಿ. ನೆಟ್ ಬಂದ ಮೇಲೆ ವಿಂಡೋಸ್ ಅಪ್‌ಡೇಟ್ ಹೆಚ್ಚಿನ ಡ್ರೈವರ್‌ಗಳನ್ನು ತಾನೇ ತರುತ್ತದೆ.

ಪ್ರಶ್ನೆ: ಅಂಗಡಿಯೊಂದರಲ್ಲಿ ವಿಂಡೋಸ್ ಹಾಕಿಸಿದೆ. ಕೆಲವು ದಿನಗಳಲ್ಲೇ ಪರದೆಯ ಮೂಲೆಯಲ್ಲಿ ‘ಆಕ್ಟಿವೇಟ್ ವಿಂಡೋಸ್’ ಎಂದು ಬರತೊಡಗಿದೆ. ಹೊಸ ಕೀಗೆ ಹಣ ಕೇಳುತ್ತಿದ್ದಾರೆ.
— ಫೋಟೊ ಸ್ಟುಡಿಯೊ ನಡೆಸುವವರು, ಹುಬ್ಬಳ್ಳಿ

ಉತ್ತರ: ಹಣ ಕೊಡುವ ಮೊದಲು ಸೆಟ್ಟಿಂಗ್ಸ್, ಸಿಸ್ಟಮ್, ಆಕ್ಟಿವೇಷನ್ ತೆರೆದು ಯಾವ ಆವೃತ್ತಿ ಎಂದು ನೋಡಿ. ಮನೆಬಳಕೆಯ ಹೆಚ್ಚಿನ ಲ್ಯಾಪ್‌ಟಾಪುಗಳು ‘ಹೋಮ್’ ಆವೃತ್ತಿಯ ಲೈಸೆನ್ಸಿನೊಂದಿಗೆ ಬರುತ್ತವೆ. ನಿಮ್ಮಲ್ಲಿ ‘ಪ್ರೊ’ ಎಂದು ತೋರಿದರೆ ಕಾರಣ ಅಲ್ಲೇ ಇದೆ. ಮದರ್‌ಬೋರ್ಡಿನಲ್ಲಿರುವ ಹೋಮ್ ಕೀ ಪ್ರೊ ಆವೃತ್ತಿಗೆ ಹೊಂದುವುದಿಲ್ಲ. ಫೋಟೊಗಳನ್ನು ಹೊರಗಿನ ಡಿಸ್ಕಿಗೆ ತೆಗೆದುಕೊಂಡು, ಮೇಲೆ ಹೇಳಿದ ಪೆನ್‌ಡ್ರೈವಿನಿಂದ ಮತ್ತೆ ಹಾಕಿ. ಅದು ಚಿಪ್ಪಿನ ಕೀ ಓದಿ ಸರಿಯಾದ ಆವೃತ್ತಿಯನ್ನು ತಾನೇ ಆರಿಸಿಕೊಳ್ಳುತ್ತದೆ, ನೆಟ್ ಸಿಕ್ಕ ಕೂಡಲೇ ಆಕ್ಟಿವೇಟ್ ಆಗುತ್ತದೆ. ಗಡಿಯಾರದ ದಿನಾಂಕ ಸರಿಯಿರಲಿ, ವರ್ಷವೇ ತಪ್ಪಿದ್ದರೆ ಆಕ್ಟಿವೇಷನ್ನೂ ಆಗುವುದಿಲ್ಲ, ವೆಬ್ ತಾಣಗಳೂ ತೆರೆಯುವುದಿಲ್ಲ.

ಕೀ ಬೇಡದಂತೆ ಮಾಡುವ ‘ಆಕ್ಟಿವೇಟರ್’ ಪ್ರೋಗ್ರಾಮು ಹಾಕಿಕೊಡುತ್ತೇವೆಂದರೆ ಒಪ್ಪಬೇಡಿ. ಅದನ್ನು ಓಡಿಸಲು ಮೊದಲು ಆಂಟಿವೈರಸ್ ಬಂದ್ ಮಾಡಿಸುತ್ತಾರೆ. ಗಿರಾಕಿಗಳ ಮದುವೆ ಫೋಟೊ ಇರುವ ಯಂತ್ರಕ್ಕೆ ಅಂಥ ಬಾಗಿಲು ತೆರೆದಿಡುವುದು ತಪ್ಪು. ಲೈಸೆನ್ಸನ್ನು ನೀವು ಲ್ಯಾಪ್‌ಟಾಪಿನ ಬೆಲೆಯಲ್ಲೇ ಕೊಟ್ಟಾಗಿದೆ.

ಪ್ರಶ್ನೆ: ಬಯೋಸ್ ಅಪ್‌ಡೇಟ್ ಆದ ಮೇಲೆ 48 ಅಂಕಿಗಳ ರಿಕವರಿ ಕೀ ಕೇಳುತ್ತಿದೆ. ನಾನು ಅಂಥ ಪಾಸ್‌ವರ್ಡ್ ಇಟ್ಟೇ ಇಲ್ಲ.
— ನಿವೃತ್ತ ಶಿಕ್ಷಕರು, ಧಾರವಾಡ

ಉತ್ತರ: ನೀವು ಇಟ್ಟದ್ದಲ್ಲ, ವಿಂಡೋಸ್ ಇಟ್ಟದ್ದು ಸರ್. ಮೈಕ್ರೋಸಾಫ್ಟ್ ಖಾತೆಯಿಂದ ಲಾಗಿನ್ ಆದಾಗ ಹಲವು ಲ್ಯಾಪ್‌ಟಾಪುಗಳು ಡಿಸ್ಕನ್ನು ಸದ್ದಿಲ್ಲದೆ ಗೂಢಲಿಪಿಗೆ ಬದಲಿಸಿ, ಅದರ ಕೀಯನ್ನು ಆ ಖಾತೆಯಲ್ಲಿ ಇಡುತ್ತವೆ. ಬಯೋಸ್ ಬದಲಾದದ್ದು ಕಂಡಾಗ, ಯಾರೋ ಯಂತ್ರ ತೆರೆದಿರಬಹುದೆಂದು ಕೀ ಕೇಳುತ್ತದೆ. ಫೋನಿನಲ್ಲಿ ಮೈಕ್ರೋಸಾಫ್ಟ್ ಖಾತೆಗೆ ಹೋಗಿ, ‘ಡಿವೈಸಸ್’ ಅಡಿಯಲ್ಲಿ ಬಿಟ್‌ಲಾಕರ್ (ಈ ಗೂಢಲಿಪಿ ವ್ಯವಸ್ಥೆಯ ಹೆಸರು) ಕೀಗಳನ್ನು ನೋಡಿ. ಪರದೆಯ ಮೇಲಿನ ‘ಕೀ ಐಡಿ’ಯ ಮೊದಲ 8 ಅಕ್ಷರ ಹೊಂದುವ ಕೀಯೇ ನಿಮ್ಮದು. ಅದು ಆರಾರು ಅಂಕಿಯ ಎಂಟು ಗುಂಪುಗಳಲ್ಲಿರುತ್ತದೆ.

ನಿಮ್ಮ ಖಾತೆಯಲ್ಲಿ ಸಿಗದಿದ್ದರೆ, ಲ್ಯಾಪ್‌ಟಾಪ್ ತಂದ ದಿನ ಅದನ್ನು ಸಿದ್ಧಮಾಡಿಕೊಟ್ಟವರು ಯಾರು ಎಂದು ನೆನಪಿಸಿಕೊಳ್ಳಿ. ಮಗನೋ ಸೊಸೆಯೋ ತಮ್ಮ ಇಮೇಲ್ ಹಾಕಿದ್ದರೆ ಕೀ ಅವರ ಖಾತೆಯಲ್ಲಿದೆ. ಎಲ್ಲಿಯೂ ಇಲ್ಲದಿದ್ದರೆ ಒಳಗಿನ ಫೈಲುಗಳನ್ನು ಯಾರಿಂದಲೂ ತೆರೆಯಲಾಗದು, ತೆರೆಯುತ್ತೇವೆಂದು ಮುಂಗಡ ಕೇಳುವವರಿಗೆ ಕೊಡಬೇಡಿ. ಎಲ್ಲ ಅಳಿಸಿ ಹೊಸದಾಗಿ ವಿಂಡೋಸ್ ಹಾಕಲು ಮಾತ್ರ ಈ ಕೀ ಬೇಡ. ಯಂತ್ರ ಸರಿಯಿರುವ ಓದುಗರೆಲ್ಲ ಇಂದೇ ತಮ್ಮ ಕೀ ಹುಡುಕಿ ಕಾಗದದ ಮೇಲೆ ಬರೆದಿಟ್ಟುಕೊಳ್ಳಲಿ.

ಪ್ರಶ್ನೆ: ಲ್ಯಾಪ್‌ಟಾಪ್ ಭಾಳ ನಿಧಾನ ಆಗೇತಿ, ರಿಸೆಟ್ ಮಾಡೋಣ ಅಂತೀವಿ. ಮೆಣಸಿನಕಾಯಿ ವ್ಯಾಪಾರದ ಲೆಕ್ಕ ಎಲ್ಲಾ ಟ್ಯಾಲಿಯೊಳಗ ಐತಿ, ಪತ್ರಗಳು ನುಡಿಯೊಳಗ ಅದಾವ.
— ಅಡತಿ ವ್ಯಾಪಾರಿ, ಬ್ಯಾಡಗಿ

ಉತ್ತರ: ಮೊದಲು ಡಿಸ್ಕ್ ಪರೀಕ್ಷಿಸಿ. ‘ಕ್ರಿಸ್ಟಲ್ ಡಿಸ್ಕ್ ಇನ್ಫೊ’ ಎಂಬ ಉಚಿತ ಪ್ರೋಗ್ರಾಮಿನಲ್ಲಿ ಹಳದಿ ‘ಕಾಷನ್’ ಬಂದರೆ, ಅಥವಾ ಡಿಸ್ಕ್ ಟಕ್ ಟಕ್ ಎನ್ನುತ್ತಿದ್ದರೆ, ಅದು ಸಾಯುತ್ತಿರುವ ಡಿಸ್ಕ್. ರಿಸೆಟ್ ಎಂದರೆ ಅದರ ಮೇಲೆ ಗಂಟೆಗಟ್ಟಲೆ ಓದು-ಬರಹ, ನಡುವೆಯೇ ಕೈಕೊಡಬಹುದು. ಲೆಕ್ಕ ಹೊರತೆಗೆದು, ಎಸ್‌ಎಸ್‌ಡಿ ಹಾಕಿಸಿ, ಅದರ ಮೇಲೆ ಹೊಸ ವಿಂಡೋಸ್ ಹಾಕಿ. ಹಳೆಯ ತಿರುಗುವ ಡಿಸ್ಕ್ ಇದ್ದ ಲ್ಯಾಪ್‌ಟಾಪಿನ ನಿಧಾನಗತಿ ಬಹುಪಾಲು ಅಷ್ಟರಿಂದಲೇ ಹೋಗುತ್ತದೆ.

ಟ್ಯಾಲಿ ಪ್ರೈಮ್‌ನಲ್ಲಿ ಆಲ್ಟ್ ಮತ್ತು ವೈ ಒತ್ತಿ ಬ್ಯಾಕಪ್ ತೆಗೆಯಿರಿ. ಅದಲ್ಲದೆ, ಕಂಪನಿ ಆರಿಸುವ ಪರದೆಯಲ್ಲಿ ಕಾಣುವ ದಾರಿ ಹಿಡಿದು ‘ಡೇಟಾ’ ಫೋಲ್ಡರನ್ನೇ ಪೂರ್ತಿ ಕಾಪಿ ಮಾಡಿ. ಅದರೊಳಗೆ 10000ದಂಥ ಅಂಕಿಗಳ ಹೆಸರಿನ ಫೋಲ್ಡರುಗಳಿರುತ್ತವೆ, ಒಂದೊಂದೂ ಒಂದು ಕಂಪನಿಯ ಲೆಕ್ಕ. ಬ್ಯಾಕಪ್ಪನ್ನು ಬೇರೆ ಕಂಪ್ಯೂಟರಿನ ಟ್ಯಾಲಿಯಲ್ಲಿ ತೆರೆದು ಕೊನೆಯ ವೋಚರ್ ಬಂದಿದೆಯೇ ನೋಡಿ. ಟ್ಯಾಲಿ ಲೈಸೆನ್ಸನ್ನು ರಿಸೆಟ್‌ಗೆ ಮೊದಲೇ ಸರೆಂಡರ್ ಮಾಡಿದರೆ ಮತ್ತೆ ಹಾಕುವಾಗ ತಕರಾರು ಬರುವುದಿಲ್ಲ. ಜಿಎಸ್‌ಟಿಗೆ ಬಳಸುವ ಡಿಜಿಟಲ್ ಸಹಿ ಯುಎಸ್‌ಬಿ ಟೋಕನ್ನಿನಲ್ಲೇ ಇರುವುದರಿಂದ ಅದಕ್ಕೆ ಅಪಾಯವಿಲ್ಲ, ಟೋಕನ್ನಿನ ಡ್ರೈವರ್ ಮತ್ತೆ ಹಾಕಿದರೆ ಸಾಕು.

ನುಡಿಯ ಹಳೆಯ ಫಾಂಟುಗಳಲ್ಲಿ ಬರೆದ ಪತ್ರ, ಆ ಫಾಂಟ್ ಇಲ್ಲದ ಯಂತ್ರದಲ್ಲಿ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳಾಗಿ ಕಾಣುತ್ತದೆ. ರಿಸೆಟ್ ಆದ ಮೇಲೆ ಇದನ್ನು ಕಂಡು ಫೈಲ್ ಕೆಟ್ಟಿತೆಂದು ಅಳಿಸಿದವರಿದ್ದಾರೆ. ಕೆಟ್ಟಿರುವುದಿಲ್ಲ. ಮೊದಲೇ ಸಿ ಡ್ರೈವಿನ ವಿಂಡೋಸ್ ಫೋಲ್ಡರಿನೊಳಗಿನ ‘ಫಾಂಟ್ಸ್’ನಿಂದ ನುಡಿ ಫಾಂಟುಗಳನ್ನು ಪೆನ್‌ಡ್ರೈವಿಗೆ ತೆಗೆದಿಟ್ಟುಕೊಂಡು, ಕೊನೆಗೆ ಮತ್ತೆ ಅಲ್ಲಿಗೇ ಹಾಕಿ. ಕನ್ನಡ ಗಣಕ ಪರಿಷತ್ತಿನ ನುಡಿ ಉಚಿತವಾಗಿಯೂ ಸಿಗುತ್ತದೆ.

ಪ್ರಶ್ನೆ: ಪೆನ್‌ಡ್ರೈವಿನಿಂದ ವಿಂಡೋಸ್ ಹಾಕುವಾಗ ಡಿಸ್ಕೇ ಕಾಣುತ್ತಿಲ್ಲ. ಡಿಸ್ಕ್ ಸುಟ್ಟಿದೆಯೇ?
— ಡಿಪ್ಲೊಮಾ ವಿದ್ಯಾರ್ಥಿ, ರಾಣೆಬೆನ್ನೂರು

ಉತ್ತರ: ಬಯೋಸ್‌ನಲ್ಲಿ ಡಿಸ್ಕಿನ ಹೆಸರು ಕಂಡರೆ ಸುಟ್ಟಿಲ್ಲ. ಇಂಟೆಲ್ ಪ್ರೊಸೆಸರಿನ 11ನೇ ತಲೆಮಾರು ಮತ್ತು ನಂತರದ ಹಲವು ಲ್ಯಾಪ್‌ಟಾಪುಗಳಲ್ಲಿ ‘ವಿಎಂಡಿ’ ಎಂಬ ವ್ಯವಸ್ಥೆಯ ಹಿಂದೆ ಡಿಸ್ಕ್ ಇರುತ್ತದೆ, ಅದರ ಡ್ರೈವರ್ ವಿಂಡೋಸಿನ ಪೆನ್‌ಡ್ರೈವಿನಲ್ಲಿ ಇಲ್ಲದಿದ್ದಾಗ ಹೀಗಾಗುತ್ತದೆ. ತಯಾರಕರ ತಾಣದಿಂದ ನಿಮ್ಮ ಮಾದರಿಯ ‘ಇಂಟೆಲ್ ರ್‍ಯಾಪಿಡ್ ಸ್ಟೋರೇಜ್’ ಡ್ರೈವರ್ ಇಳಿಸಿ, ಬಿಚ್ಚಿದ ಫೋಲ್ಡರನ್ನು ಅದೇ ಪೆನ್‌ಡ್ರೈವಿನಲ್ಲಿಟ್ಟು ‘ಲೋಡ್ ಡ್ರೈವರ್’ ಒತ್ತಿ ತೋರಿಸಿ. ಬಿಚ್ಚದ ಸೆಟಪ್ ಫೈಲ್ ಇಲ್ಲಿ ನಡೆಯುವುದಿಲ್ಲ. ಬಯೋಸ್‌ನಲ್ಲಿ ವಿಎಂಡಿ ಬಂದ್ ಮಾಡಿದರೂ ಡಿಸ್ಕ್ ಕಾಣುತ್ತದೆ, ಆದರೆ ಹಳೆಯ ವಿಂಡೋಸ್ ಉಳಿಸಿಕೊಳ್ಳುವ ಆಸೆಯಿದ್ದರೆ ಹಾಗೆ ಮಾಡಬೇಡಿ, ಅದು ಏಳುವುದಿಲ್ಲ.

ಪ್ರಶ್ನೆ: ವಿಂಡೋಸ್ 7ರ ಹಳೆಯ ಲ್ಯಾಪ್‌ಟಾಪ್ ಇದೆ, 4 ಜಿಬಿ ರ್‍ಯಾಮ್. ಮಕ್ಕಳ ಓದಿಗೆ ಮತ್ತೆ ಬಳಸಬಹುದೇ?
— ಗೃಹಿಣಿ, ಲಕ್ಷ್ಮೇಶ್ವರ

ಉತ್ತರ: ಬಳಸಬಹುದು, ಆದರೆ ವಿಂಡೋಸ್ ಬೇಡ. ವಿಂಡೋಸ್ 7ಕ್ಕೆ ಭದ್ರತೆಯ ಅಪ್‌ಡೇಟ್ 2020ರ ಜನವರಿ 14ಕ್ಕೆ ನಿಂತಿತು, ವಿಂಡೋಸ್ 10ರ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ವಿಂಡೋಸ್ 11 ಕೇಳುವ ಟಿಪಿಎಂ 2.0 ಎಂಬ ಭದ್ರತಾ ವ್ಯವಸ್ಥೆ ಅಷ್ಟು ಹಳೆಯ ಯಂತ್ರದಲ್ಲಿ ಇರುವುದಿಲ್ಲ. ವಿಂಡೋಸಿನ ಬದಲು ಬಳಸುವ ಉಚಿತ ವ್ಯವಸ್ಥೆಯಾದ ಲಿನಕ್ಸ್ ಮಿಂಟ್‌ನ ಎಕ್ಸ್‌ಎಫ್‌ಸಿಇ ಆವೃತ್ತಿ ಹಾಕಿ, 4 ಜಿಬಿ ರ್‍ಯಾಮ್ ಅದಕ್ಕೆ ಸಾಕು. ಪೆನ್‌ಡ್ರೈವಿನಿಂದಲೇ ಓಡಿಸಿ ನೋಡುವ ಸೌಲಭ್ಯ ಅದರಲ್ಲಿದೆ. ವೈಫೈ, ಧ್ವನಿ, ಕ್ಯಾಮೆರಾ ಎಲ್ಲ ನಡೆಯುತ್ತವೆಯೇ ಎಂದು ಅಲ್ಲೇ ಪರೀಕ್ಷಿಸಿ, ಹಳೆಯ ಫೋಟೊಗಳನ್ನೂ ಅಲ್ಲಿಂದಲೇ ಬೇರೆ ಪೆನ್‌ಡ್ರೈವಿಗೆ ಎತ್ತಿಕೊಂಡು, ಆಮೇಲೆ ಇನ್‌ಸ್ಟಾಲ್ ಒತ್ತಿ. ಕನ್ನಡ ಟೈಪಿಂಗಿಗೆ ಇನ್‌ಪುಟ್ ಮೆಥಡ್ ಸೆಟ್ಟಿಂಗಿನಲ್ಲಿ ಕನ್ನಡ ಸೇರಿಸಿದರಾಯಿತು.