ಎಂಟು ಎಂದರೆ ಯಾವ ಎಂಟು?
ಹೆಣಿಗೆ: ಓದುಗರ ಪ್ರಶ್ನೆ, ಟೀಚರ ಉತ್ತರ

ಈ ತಿಂಗಳ ಪತ್ರಗಳನ್ನು ಊಟದ ಮೇಜಿನ ಮೇಲೆ ಹರಡಿಕೊಂಡು ಕುಳಿತಿದ್ದೆ. ಒಂದು ಕವರಿನಿಂದ ನೀಲಿ ಉಲ್ಲನ್ನಿನ ಹೆಣಿಗೆಯ ತುಂಡೇ ಉದುರಿತು. ಅಂಗೈಯಷ್ಟಿದೆ, ಕೆಳಗೆ ಕಿರಿದು, ಮೇಲೆ ಹೋದಂತೆ ಅಗಲ, ಥೇಟ್ ಬೀಸಣಿಗೆ. ‘ಇದಕ್ಕೇನಾಗಿದೆ ನೋಡಿ’ ಎಂಬ ಚೀಟಿಯನ್ನು ಅದಕ್ಕೇ ಪಿನ್ನಿನಿಂದ ಚುಚ್ಚಿದ್ದರು. ನನಗೆ ಬಹಳ ಸಂತೋಷವಾಯಿತು. ರೋಗದ ವರ್ಣನೆ ಬರೆಯುವುದಕ್ಕಿಂತ ರೋಗಿಯನ್ನೇ ಕರೆತರುವುದು ಮೇಲು. ಮೊಬೈಲಿನ ಫೋಟೋದಲ್ಲಿ ಎಳೆಯ ಬಿಗಿ ನನ್ನ ಬೆರಳಿಗೆ ಸಿಗುವುದಿಲ್ಲ. ಉಳಿದವರೂ ಹೀಗೆಯೇ ಮಾಡಿ, ತುಂಡನ್ನು ವಾಪಸು ಕಳಿಸುತ್ತೇನೆ.

ಹೊಸಬರಿಗೆ ಒಂದು ಮಾತು: ಹೆಣಿಗೆಯ ಎರಡು ಮೂಲ ಕುಣಿಕೆಗಳನ್ನು ಪುಸ್ತಕಗಳು ನಿಟ್, ಪರ್ಲ್ ಎಂದರೆ ನಾನು ನೇರ, ಉಲ್ಟಾ ಎನ್ನುತ್ತೇನೆ. ನಲವತ್ತು ವರ್ಷ ಮಕ್ಕಳಿಗೆ ಹಾಗೆಯೇ ಹೇಳಿಕೊಟ್ಟ ಬಾಯಿ, ಈಗ ತಿರುಗುವುದಿಲ್ಲ.

ಪ್ರಶ್ನೆ: ಮೊಮ್ಮಗುವಿಗೆಂದು ಹಳೆಯ ಪತ್ರಿಕೆಯೊಂದರಿಂದ ಕತ್ತರಿಸಿ ಇಟ್ಟುಕೊಂಡಿದ್ದ ವಿವರಣೆಯಂತೆ ಸ್ವೆಟರ್ ಹೆಣೆದೆ. ‘8ನೇ ನಂಬರ್ ಕಡ್ಡಿ’ ಎಂದಿತ್ತು. ಅಮೆರಿಕದಲ್ಲಿರುವ ತಂಗಿ ಕಳಿಸಿದ 8ನೇ ನಂಬರಿನ ಕಡ್ಡಿಯನ್ನೇ ಬಳಸಿದೆ. ಕುಣಿಕೆಗಳ ಲೆಕ್ಕ ಒಂದೂ ತಪ್ಪಿಲ್ಲ. ಆದರೂ ಸ್ವೆಟರ್ ಮಗುವಿಗೆ ನಿಲುವಂಗಿಯಾಗಿದೆ. — ಹೊಸ ಅಜ್ಜಿ, ದಾವಣಗೆರೆ

ಉತ್ತರ: ಅಜ್ಜಿಯವರೇ, ನಿಮ್ಮ ಲೆಕ್ಕವೂ ಸರಿ, ತಂಗಿಯ ಪ್ರೀತಿಯೂ ಸರಿ. ತಪ್ಪಿದ್ದು ಆ ಎಂಟು. ನಮ್ಮ ಹಳೆಯ ವಿವರಣೆಗಳಲ್ಲಿರುವುದು ಬ್ರಿಟಿಷರ ಕಾಲದ ನಂಬರು. ಅದರಲ್ಲಿ 8 ಎಂದರೆ 4 ಮಿಲಿಮೀಟರ್ ದಪ್ಪ. ಅಮೆರಿಕದ 8 ಎಂದರೆ 5 ಮಿಲಿಮೀಟರ್. ಒಂದು ಮಿಲಿಮೀಟರಿನಲ್ಲಿ ಏನಿದೆ ಎನ್ನಬೇಡಿ. ಮಧ್ಯಮ ದಪ್ಪದ ಉಲ್ಲನ್ನಿನಲ್ಲಿ 4 ಮಿ.ಮೀ. ಕಡ್ಡಿಗೆ ಹತ್ತು ಸೆಂಟಿಮೀಟರಿನಲ್ಲಿ ಸುಮಾರು 22 ಕುಣಿಕೆ ಕೂರುತ್ತವೆ, 5 ಮಿ.ಮೀ. ಕಡ್ಡಿಗೆ 18. ಹಿಂದು ಮುಂದು ಸೇರಿ 110 ಕುಣಿಕೆ ಹಾಕಿದ್ದೀರಿ ಎಂದಿಟ್ಟುಕೊಳ್ಳಿ. ಎದೆಯ ಸುತ್ತಳತೆ 50 ಸೆಂ.ಮೀ. ಬರಬೇಕಾದದ್ದು 61 ಬಂದಿರುತ್ತದೆ. ಅದು ಸುಮಾರು ನಾಲ್ಕು ವರ್ಷದ ಮಗುವಿನ ಅಳತೆ. ಬಿಚ್ಚಬೇಡಿ, ನುಸಿಗುಳಿಗೆ ಹಾಕಿ ಎತ್ತಿಡಿ. ಮೊಮ್ಮಗು ಬೆಳೆಯದೆ ಇರುತ್ತದೆಯೇ?

ನಮ್ಮ ನಂಬರು ದೊಡ್ಡದಾದಷ್ಟೂ ಕಡ್ಡಿ ಸಣ್ಣದು, ಅಮೆರಿಕದ್ದು ಇದಕ್ಕೆ ತದ್ವಿರುದ್ಧ. ಇದೇಕೆ ಹೀಗೆ ಎಂದು ನಾನೂ ಬಹಳ ವರ್ಷ ತಲೆ ಕೆರೆದುಕೊಂಡಿದ್ದೆ. ಲೇತ್ ಕೆಲಸ ಮಾಡುತ್ತಿದ್ದ ನಮ್ಮ ಯಜಮಾನರು ಒಂದು ಸಂಜೆ ನನ್ನ ಕಡ್ಡಿಗಳನ್ನೆಲ್ಲ ವರ್ನಿಯರ್‌ನಲ್ಲಿ ಹಿಡಿದು ನೋಡಿ, ‘ಇದು ತಂತಿಯ ಗೇಜ್ ಅಲ್ಲವೇ!’ ಎಂದರು. ನಿಜವೇ. ಹಾರ್ಡ್‌ವೇರ್ ಅಂಗಡಿಯಲ್ಲಿ ತಂತಿ ಮಾರುವ ಗೇಜ್ ಲೆಕ್ಕವೇ ಇದು. ತಂತಿಯನ್ನು ಒಂದಕ್ಕಿಂತ ಒಂದು ಸಣ್ಣ ತೂತಿನಲ್ಲಿ ಎಳೆಯುತ್ತಾ ಹೋಗುತ್ತಾರೆ. ಎಳೆತ ಹೆಚ್ಚಿದಷ್ಟೂ ನಂಬರು ಏರುತ್ತದೆ, ತಂತಿ ತೆಳ್ಳಗಾಗುತ್ತದೆ. 10 ಎಂದರೆ 3.25 ಮಿ.ಮೀ., 14 ಎಂದರೆ 2 ಮಿ.ಮೀ. ಸೈಕಲ್ ಚಕ್ರದ ಸಾಮಾನ್ಯ ಕಡ್ಡಿಯೂ 14 ಗೇಜೇ. ನಾನು ಚಿಕ್ಕಂದಿನಲ್ಲಿ ಮೂಡಿಗೆರೆಯಲ್ಲಿ ಅಣ್ಣನ ಸೈಕಲ್ಲಿನ ಮುರಿದ ಕಡ್ಡಿಗಳ ತುದಿಯನ್ನು ಅಂಗಳದ ಕಲ್ಲಿಗೆ ಉಜ್ಜಿ ಹೆಣೆಯಲು ಕಲಿತವಳು. ಆಗ ಅದು ಬಡತನದ ಉಪಾಯ ಎಂದುಕೊಂಡಿದ್ದೆ. ನೋಡಿದರೆ ಅಪ್ಪಟ ಹದಿನಾಲ್ಕನೇ ನಂಬರು!

ಇನ್ನು ಮುಂದೆ ನಂಬರು ಮರೆತುಬಿಡಿ, ಮಿಲಿಮೀಟರ್ ಕೇಳಿ. ಈಗಿನ ಕಡ್ಡಿಯ ಪೊಟ್ಟಣದ ಮೇಲೆ ಅದು ಇದ್ದೇ ಇರುತ್ತದೆ.

ಪ್ರಶ್ನೆ: ಜೊತೆಗಿಟ್ಟ ತುಂಡನ್ನು ನೋಡಿ. 24 ಕುಣಿಕೆಯಿಂದ ಆರಂಭಿಸಿದ್ದು, ಇಪ್ಪತ್ತು ಸಾಲು ಆಗುವಷ್ಟರಲ್ಲಿ 33 ಆಗಿವೆ. ನಾನು ಒಂದನ್ನೂ ಹೆಚ್ಚಿಸಿಲ್ಲ. — ಬೀಸಣಿಗೆಯ ಒಡತಿ, ಶಿವಮೊಗ್ಗ

ಉತ್ತರ: ನೀಲಿ ತುಂಡನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡಿದೆ. ನಿಮ್ಮ ಕೈ ಒಳ್ಳೆಯದು, ಬಿಗಿ ಎಲ್ಲ ಸಾಲಿನಲ್ಲೂ ಒಂದೇ ಸಮ ಇದೆ. ಒಂಬತ್ತು ಕಳ್ಳ ಕುಣಿಕೆಗಳಲ್ಲಿ ಏಳು ಅಂಚಿನಲ್ಲೇ ಹುಟ್ಟಿವೆ. ಸಾಲು ಮುಗಿಸಿ ಕಡ್ಡಿ ತಿರುಗಿಸಿದಾಗ ಎಳೆಯನ್ನು ಕಡ್ಡಿಯ ಮೇಲಿನಿಂದ ಹಿಂದಕ್ಕೆ ಎಳೆದುಕೊಳ್ಳುತ್ತಿದ್ದೀರಿ. ಹಾಗೆ ಎಳೆದಾಗ ಮೊದಲ ಕುಣಿಕೆ ಮೇಲೆದ್ದು ಅದರ ಎರಡು ಕಾಲುಗಳೂ ಕಡ್ಡಿಯ ಮೇಲೆ ಕೂರುತ್ತವೆ. ನೋಡುವವರಿಗೆ ಎರಡು ಕುಣಿಕೆ. ನೀವು ಪಾಪ ಎರಡನ್ನೂ ಹೆಣೆಯುತ್ತೀರಿ. ಪ್ರತಿ ಸಾಲಿನ ಆರಂಭದಲ್ಲಿ ಎಳೆಯನ್ನು ಒಮ್ಮೆ ಕೆಳಕ್ಕೆ ಜಗ್ಗಿ, ಕಡ್ಡಿಯ ಅಡಿಯಿಂದ ಹಿಂದಕ್ಕೆ ತನ್ನಿ. ಮೊದಲ ಕುಣಿಕೆ ಒಂಟಿಯಾಗಿ ನಿಲ್ಲುತ್ತದೆ.

ಉಳಿದ ಎರಡು ನಡುವೆ ಇವೆ, ಪಕ್ಕದಲ್ಲೇ ಕಡಲೆಕಾಳು ತೂರುವಷ್ಟು ತೂತು. ಅಲ್ಲಿ ಎಳೆ ಮುಂದೆ ಉಳಿದಿದ್ದಾಗಲೇ ನೇರ ಹೆಣೆದಿದ್ದೀರಿ. ಎಳೆ ಕಡ್ಡಿಯನ್ನು ಒಂದು ಸುತ್ತು ಹಾಕಿ ಹೊಸ ಕುಣಿಕೆಯ ವೇಷ ತೊಟ್ಟಿದೆ. ಒಂದು ಕಡೆಯಂತೂ ಎರಡು ಸಾಲು ಅರ್ಧಕ್ಕೇ ವಾಪಸಾಗಿವೆ. ಹಾಲು ಉಕ್ಕಿತೆಂದು ಅಡುಗೆಮನೆಗೆ ಓಡಿದ್ದಿರಾ? ಮರಳಿ ಬಂದಾಗ ಉಂಡೆಯ ಎಳೆ ಯಾವ ಕಡ್ಡಿಯಿಂದ ಇಳಿದಿದೆಯೋ ಆ ಕಡ್ಡಿ ಬಲಗೈಗೆ ಬರಬೇಕು. ಎಡಗೈಗೆ ಬಂದರೆ ಬಂದ ದಾರಿಯಲ್ಲೇ ಹಿಂದಕ್ಕೆ ಹೆಣೆಯುತ್ತೀರಿ.

ಪ್ರತಿ ನಾಲ್ಕು ಸಾಲಿಗೊಮ್ಮೆ ಎಣಿಸಿ. ತಪ್ಪು ಸಿಕ್ಕರೆ ಬಿಚ್ಚಿ. ಬಿಚ್ಚಲು ನಾಚುವವರು ಕೊನೆಗೆ ಹೆಣೆಯುವುದನ್ನೇ ಬಿಡುತ್ತಾರೆ, ನನ್ನ ತರಗತಿಯಲ್ಲಿ ಎಷ್ಟೋ ಜನರನ್ನು ನೋಡಿದ್ದೇನೆ.

ಪ್ರಶ್ನೆ: ನಾನು 27 ವರ್ಷದ ಹುಡುಗ, ಐಟಿ ಕೆಲಸ. ಕಣ್ಣಿಗೆ ಪರದೆಯಿಂದ ಬಿಡುವು ಸಿಗಲೆಂದು ಹೆಣಿಗೆ ಕಲಿಯುವ ಆಸೆ. ಅಪ್ಪನಿಗೆ ತುಂಬುತೋಳಿನ ಸ್ವೆಟರ್ ಹೆಣೆಯಲೇ? — ಬೆಂಗಳೂರಿನಿಂದ ಒಬ್ಬ

ಉತ್ತರ: ಬೇಡಪ್ಪ. ಅರ್ಧ ತೋಳಿಗೆ ಬೇಸರ ಬಂದು ಚೀಲ ಅಟ್ಟ ಸೇರುತ್ತದೆ. ಅಪ್ಪ ಬೆಳಗ್ಗೆ ವಾಕಿಂಗ್ ಹೋಗುತ್ತಾರೆ ತಾನೆ? ಕಿವಿ ಮುಚ್ಚುವ ಪಟ್ಟಿ ಹೆಣೆದುಕೊಡು. 4 ಮಿ.ಮೀ. ಕಡ್ಡಿ, ಮಧ್ಯಮ ದಪ್ಪದ ಉಲ್ಲನ್ 50 ಗ್ರಾಂ. ಬಣ್ಣ ತಿಳಿಯಾಗಿರಲಿ, ಕಪ್ಪು, ಕಡುನೀಲಿ ತಂದರೆ ಕುಣಿಕೆ ಕಾಣದೆ ಪರದೆಗಿಂತ ಹೆಚ್ಚಾಗಿ ಕಣ್ಣು ಉರಿಯುತ್ತದೆ. 22 ಕುಣಿಕೆ ಹಾಕಿಕೊ. ಎರಡೂ ಬದಿಯಲ್ಲಿ ನೇರವನ್ನೇ ಹೆಣೆಯುತ್ತಾ ಹೋಗು, ಉಲ್ಟಾ ಕಲಿಯುವುದೂ ಬೇಡ. ಅಪ್ಪನ ತಲೆಯ ಸುತ್ತಳತೆಗಿಂತ ನಾಲ್ಕು ಬೆರಳು ಕಡಿಮೆ ಇರುವಾಗ ಮುಗಿಸು, ಅದು ಹಿಗ್ಗುತ್ತದೆ. ಎರಡು ತುದಿ ಸೇರಿಸಿ ಹೊಲಿ. ಮೊದಲ ಮೂರು ಇಂಚು ವಕ್ರವಾಗಿಯೇ ಇರುತ್ತದೆ, ಆ ಭಾಗವನ್ನು ತಲೆಯ ಹಿಂದಕ್ಕೆ ಹಾಕಿಕೊಳ್ಳಲು ಹೇಳು.

ಗಂಡುಮಕ್ಕಳು ಹೆಣೆಯಬಹುದೇ ಎಂದು ನೀನು ಕೇಳದೆ ಇದ್ದದ್ದು ನನಗೆ ಹಿಡಿಸಿತು.

ಪ್ರಶ್ನೆ: ನಮ್ಮ ಕರಾವಳಿಯ ಸೆಕೆಗೆ ಕೈ ಬೆವರಿ ಉಲ್ಲನ್ ಕಡ್ಡಿಯ ಮೇಲೆ ಜಾರುವುದೇ ಇಲ್ಲ. ಅಲ್ಯೂಮಿನಿಯಂ, ಬಿದಿರು, ಪ್ಲಾಸ್ಟಿಕ್, ಇವುಗಳಲ್ಲಿ ಯಾವ ಕಡ್ಡಿ ಒಳ್ಳೆಯದು? — ಗೃಹಿಣಿ, ಕುಂದಾಪುರ

ಉತ್ತರ: ನಿಮ್ಮ ಶತ್ರು ಕಡ್ಡಿಯಲ್ಲ, ಉಲ್ಲನ್ ಹೆಸರಿನಲ್ಲಿ ಮಾರುವ ಅಕ್ರಿಲಿಕ್ ಎಂಬ ಕೃತಕ ನೂಲು. ಹತ್ತಿ ನೂಲಿಗೆ ಬದಲಾಯಿಸಿ, ಅರ್ಧ ಕಷ್ಟ ಹೋಗುತ್ತದೆ. ಆದರೆ ಹತ್ತಿ ಹಿಗ್ಗಿದರೆ ಉಲ್ಲನ್ನಿನಂತೆ ಹಿಂದಕ್ಕೆ ಬರುವುದಿಲ್ಲ, ಕೈ ಸ್ವಲ್ಪ ಬಿಗಿ ಇರಲಿ. ಕಡ್ಡಿಗೆ ಬಂದರೆ, ನಯವಾದ ಅಲ್ಯೂಮಿನಿಯಂ ಬೇಗ ಜಾರುತ್ತದೆ, ನಿಮಗೆ ಅದೇ ಸರಿ. ಕುಣಿಕೆಗಳು ಉದುರಿಹೋಗುತ್ತವೆ ಎಂದು ಅಳುವ ಹೊಸಬರಿಗೆ ಎಳೆಯನ್ನು ತುಸು ಹಿಡಿದುಕೊಳ್ಳುವ ಬಿದಿರು. ಪ್ಲಾಸ್ಟಿಕ್ ಕಡ್ಡಿ ಬಾಗುತ್ತದೆ, ನನಗಾಗದು.

ಎರಡು ಗಿಡ್ಡ ಕಡ್ಡಿಗಳ ನಡುವೆ ಬಳುಕುವ ತಂತಿ ಇರುವ ಸರ್ಕ್ಯುಲರ್ ಬಗ್ಗೆ ನೀವು ಕೇಳಿಲ್ಲ, ಆದರೂ ಹೇಳುತ್ತೇನೆ. ಅದು ಟೋಪಿಗೆ ಮಾತ್ರ ಎಂದು ಎಲ್ಲರೂ ತಿಳಿದಿದ್ದಾರೆ. ಸಾಲಿನ ಕೊನೆಗೆ ತಿರುಗಿಸಿಕೊಂಡರೆ ಚಪ್ಪಟೆ ಹೆಣಿಗೆಗೂ ಅದೇ ಸಾಕು. ಭಾರವೆಲ್ಲ ಮಡಿಲಿಗೆ ಇಳಿಯುವುದರಿಂದ ಮಣಿಕಟ್ಟು ನೋಯುವುದಿಲ್ಲ. ಹಾಸನದಿಂದ ಮೂಡಿಗೆರೆಗೆ ಹೋಗುವ ಬಸ್ಸಿನಲ್ಲಿ ನನ್ನ 35 ಸೆಂ.ಮೀ. ಉದ್ದದ ಕಡ್ಡಿಯಿಂದ ತಿವಿಸಿಕೊಂಡ ಸಹಪ್ರಯಾಣಿಕರ ಶಾಪ ತಟ್ಟಿಯೇ ನಾನು ಸರ್ಕ್ಯುಲರ್‌ಗೆ ಬಂದದ್ದು.

ಪ್ರಶ್ನೆ: ನೇರದ ಸಾಲು, ಉಲ್ಟಾದ ಸಾಲು ಎಂದು ಹೆಣೆದ ಮಫ್ಲರ್ ಕೊಳವೆಯಂತೆ ಸುರುಳಿಕೊಳ್ಳುತ್ತಿದೆ. ಇಸ್ತ್ರಿ ಹಾಕಲೇ? — ಉಪನ್ಯಾಸಕಿ, ಧಾರವಾಡ

ಉತ್ತರ: ಖಂಡಿತ ಬೇಡ! ಅಕ್ರಿಲಿಕ್ಕಿಗೆ ಬಿಸಿ ಇಸ್ತ್ರಿ ತಾಗಿದರೆ ಅದರ ಜೀವವೇ ಹೋಗುತ್ತದೆ. ಮೈದುನನ ಮದುವೆಗೆಂದು ಹೆಣೆದ ಕೋಲು ಕೋಲು ವಿನ್ಯಾಸದ ಸ್ವೆಟರನ್ನು ನಾನೇ ಒತ್ತಿ ಒತ್ತಿ ತಟ್ಟೆಯಂತೆ ಮಾಡಿದ್ದೆ. ಅದು ಮತ್ತೆ ಏಳಲೇ ಇಲ್ಲ.

ಬಾಗಿಸಿದ ಎಳೆ ನೆಟ್ಟಗಾಗಲು ನೋಡುತ್ತದೆ. ಒಂದು ಮುಖದಲ್ಲಿ ಎಲ್ಲವೂ ನೇರ, ಇನ್ನೊಂದರಲ್ಲಿ ಎಲ್ಲವೂ ಉಲ್ಟಾ ಆದಾಗ ಕುಣಿಕೆಗಳೆಲ್ಲ ಒಂದೇ ರೀತಿ ಎಳೆಯುತ್ತವೆ: ಪಕ್ಕದ ಅಂಚು ಹಿಂದಕ್ಕೆ, ಮೇಲಿನ ಕೆಳಗಿನ ಅಂಚು ಮುಂದಕ್ಕೆ. ಅದು ಆ ಹೆಣಿಗೆಯ ಹುಟ್ಟುಗುಣ, ನಿಮ್ಮ ತಪ್ಪಲ್ಲ. ಮುಂದಿನ ಮಫ್ಲರಿಗೆ ಒಂದು ನೇರ ಒಂದು ಉಲ್ಟಾ ಎಂದು ಅದೇ ಸಾಲಿನೊಳಗೆ ಬೆರೆಸಿ. ಈಗಿನದ್ದರ ಎರಡು ಉದ್ದನೆಯ ಅಂಚು ಸೇರಿಸಿ ಹೊಲಿದುಬಿಡಿ. ಕೊಳವೆಯೇ ಆಗಬೇಕೆಂದು ಅದು ಹಟ ಹಿಡಿದಿದೆ, ಆಗಲಿ. ಎರಡು ಪದರದ ಮಫ್ಲರ್ ಇನ್ನೂ ಬೆಚ್ಚಗೆ.

ಪ್ರಶ್ನೆ: ನಮ್ಮ ಊರಿನ ಸುತ್ತ ಕಂಬಳಿ ನೇಯುವ ಕುರುಬರ ಮನೆಗಳಿವೆ. ಅವರು ಕೈಯಲ್ಲಿ ತೆಗೆದ ಕುರಿ ಉಣ್ಣೆಯ ನೂಲಿನಿಂದ ಸ್ವೆಟರ್ ಹೆಣೆಯಬಹುದೇ? — ಶಾಲಾ ಶಿಕ್ಷಕ, ಚಳ್ಳಕೆರೆ

ಉತ್ತರ: ಇಡೀ ಕಟ್ಟಿನಲ್ಲಿ ನನ್ನನ್ನು ಎಬ್ಬಿಸಿ ಕೂರಿಸಿದ ಪ್ರಶ್ನೆ ಇದು. ನಮ್ಮ ಅಂಗಡಿಗಳಲ್ಲಿ ‘ಉಲ್ಲನ್’ ಎಂದು ಮಾರುವ ಉಂಡೆಗಳಲ್ಲಿ ಬಹುಪಾಲು ಅಕ್ರಿಲಿಕ್. ಕುರಿಯ ಮುಖವನ್ನೇ ಕಂಡಿಲ್ಲ. ಪರೀಕ್ಷೆ ಸುಲಭ. ಒಂದು ಬೆರಳುದ್ದದ ಎಳೆಯನ್ನು ಚಿಮಟದಲ್ಲಿ ಹಿಡಿದು ದೀಪಕ್ಕೆ ಒಡ್ಡಿ. ಉಣ್ಣೆಯಾದರೆ ಕೂದಲು ಸುಟ್ಟ ವಾಸನೆ ಬಂದು, ಬೂದಿ ಬೆರಳಲ್ಲಿ ಪುಡಿಯಾಗುತ್ತದೆ. ಅಕ್ರಿಲಿಕ್ ಕರಗಿ ಕರಿಮಣಿಯಂತೆ ಗಟ್ಟಿಯಾಗುತ್ತದೆ. ನಿಮ್ಮ ಊರಿನದ್ದು ಅಪ್ಪಟ ಉಣ್ಣೆ, ಅದರಲ್ಲಿ ಅನುಮಾನವಿಲ್ಲ.

ಆದರೆ ಸ್ವೆಟರಿಗೆ ಬೇಡ. ದಖ್ಖನಿ ಕುರಿಯ ಉಣ್ಣೆ ಒರಟು, ನಡುವೆ ಕೂದಲೂ ಬೆರೆತಿರುತ್ತದೆ. ಮಳೆ ಗಾಳಿ ತಡೆಯುವ ಕಂಬಳಿಗೆ ಹೇಳಿ ಮಾಡಿಸಿದ್ದು, ಕತ್ತಿಗೆ ಚುಚ್ಚುತ್ತದೆ. ಅಷ್ಟೇ ಅಲ್ಲ, ಅದು ಒಂಟಿ ಎಳೆ, ಹುರಿ ಜಾಸ್ತಿ. ಹಾಗೆಯೇ ಹೆಣೆದರೆ ಬಟ್ಟೆ ಒಂದು ಪಕ್ಕಕ್ಕೆ ವಾಲುತ್ತದೆ. ನಾನು ಒಮ್ಮೆ ತಂದು ಹೆಣೆದ ಚೌಕ ಗಾಳಿಪಟದ ಆಕಾರಕ್ಕೆ ತಿರುಗಿತ್ತು. ಎರಡು ಎಳೆಗಳನ್ನು ಜೋಡಿಸಿ, ಮೊದಲಿನ ಹುರಿಗೆ ವಿರುದ್ಧ ದಿಕ್ಕಿನಲ್ಲಿ ಮತ್ತೆ ಹುರಿ ಮಾಡಿಕೊಡಲು ಕೇಳಿ, ಆ ದೋಷ ಹೋಗುತ್ತದೆ. ಮಗ್ಗಕ್ಕೆ ಏರಿಸುವ ಉದ್ದದ ಎಳೆಗಳಿಗೆ ಹುಣಸೆಬೀಜದ ಗಂಜಿ ಹಚ್ಚುತ್ತಾರೆ. ಗಂಜಿ ಹಚ್ಚುವ ಮುಂಚಿನ ನೂಲನ್ನೇ ತೆಗೆದುಕೊಳ್ಳಿ, ಇಲ್ಲದಿದ್ದರೆ ಕಡ್ಡಿಯ ಮೇಲೆ ಕಡ್ಡಿಯೇ ಆಗಿಬಿಡುತ್ತದೆ.

5 ಅಥವಾ 6 ಮಿ.ಮೀ. ಕಡ್ಡಿಯಲ್ಲಿ ಕೂರುವ ಆಸನ, ಚೀಲ, ಒಲೆಯಿಂದ ಪಾತ್ರೆ ಇಳಿಸುವ ಮಸಿಬಟ್ಟೆ ಹೆಣೆಯಿರಿ. ಮಸಿಬಟ್ಟೆಗಂತೂ ಇದಕ್ಕಿಂತ ಒಳ್ಳೆಯದಿಲ್ಲ: ಉಣ್ಣೆ ಸುಲಭಕ್ಕೆ ಹೊತ್ತಿಕೊಳ್ಳುವುದಿಲ್ಲ. ಅಕ್ರಿಲಿಕ್ಕಿನಲ್ಲಿ ಮಾತ್ರ ಮಸಿಬಟ್ಟೆ ಹೆಣೆಯಲೇಬೇಡಿ, ಬಿಸಿ ಪಾತ್ರೆಗೆ ಕರಗಿ ಕೈಗೆ ಅಂಟುತ್ತದೆ. ನೂಲು ತಂದ ಮನೆಗೂ ಒಂದು ಆಸನ ಹೆಣೆದುಕೊಡಿ. ನೇಯುವವರಿಗೆ ಹೆಣಿಗೆ ಕಂಡರೆ ಕುತೂಹಲ ಬಹಳ.

ಪ್ರಶ್ನೆ: ಉಂಡೆ ಸಾಲದೆ ಇನ್ನೊಂದು ತಂದೆ. ಅದೇ ಬಣ್ಣದ ನಂಬರು, ಆದರೂ ಪಕ್ಕಪಕ್ಕದಲ್ಲಿ ಗೆರೆ ಎಳೆದಂತೆ ಬೇರೆ ಕಾಣುತ್ತದೆ. — ಮಡಿಕೇರಿ

ಉತ್ತರ: ಬಣ್ಣದ ನಂಬರಿನ ಪಕ್ಕದಲ್ಲಿ ಲಾಟ್ ನಂಬರೂ, ಅಂದರೆ ಒಂದೇ ಸಲ ಬಣ್ಣ ಹಾಕಿದ ನೂಲಿನ ಗುಂಪಿನ ನಂಬರೂ ಇರುತ್ತದೆ, ಅದು ಬೇರೆಯಾಗಿದೆ. ಹತ್ತು ಹನ್ನೆರಡು ಸಾಲು ಬಿಚ್ಚಿ, ಹಳೆಯ ಉಂಡೆಯಿಂದ ಎರಡು ಸಾಲು, ಹೊಸದರಿಂದ ಎರಡು ಸಾಲು ಎಂದು ಬೆರೆಸುತ್ತಾ ಹೋಗಿ. ಗೆರೆ ಮಾಯವಾಗುತ್ತದೆ.

ಪ್ರಶ್ನೆ: ನನ್ನ ಹೆಂಡತಿ ಮೊದಲ ಬಾರಿಗೆ ನನಗೊಂದು ಸ್ವೆಟರ್ ಹೆಣೆದಿದ್ದಾಳೆ. ತೋಳು ಬೆರಳ ತುದಿಯನ್ನೂ ದಾಟಿದೆ. ಹೇಳಲು ಧೈರ್ಯವಿಲ್ಲ. ಮಣಿಕಟ್ಟಿನ ಕಡೆಯಿಂದ ನಾನೇ ಗುಟ್ಟಾಗಿ ಸ್ವಲ್ಪ ಬಿಚ್ಚಬಹುದೇ? — ಹೆಸರು ಬೇಡ, ತುಮಕೂರು

ಉತ್ತರ: ಬಿಚ್ಚಲು ಬರುವುದಿಲ್ಲ ಸ್ವಾಮಿ. ತೋಳನ್ನು ಸಾಮಾನ್ಯವಾಗಿ ಮಣಿಕಟ್ಟಿನಿಂದ ಆರಂಭಿಸಿ ಮೇಲಕ್ಕೆ ಹೆಣೆಯುತ್ತಾರೆ. ಹೆಣಿಗೆ ಮುಗಿದ ತುದಿಯಿಂದ ಸರಸರನೆ ಬಿಚ್ಚಿಕೊಳ್ಳುತ್ತದೆ, ಆರಂಭದ ತುದಿಯಿಂದ ಎಳೆದರೆ ಗಂಟು ಗಂಟಾಗುತ್ತದೆ. ಅದನ್ನು ಗಿಡ್ಡ ಮಾಡಬೇಕೆಂದರೆ ಬೇಕಾದ ಎತ್ತರದಲ್ಲಿ ಒಂದೇ ಒಂದು ಕುಣಿಕೆ ಕತ್ತರಿಸಿ, ಆ ಸಾಲಿನ ಎಳೆಯನ್ನು ಬಿಡಿಸುತ್ತಾ, ಬಾಯಿ ಬಿಟ್ಟ ಕುಣಿಕೆಗಳನ್ನೆಲ್ಲ ಕಡ್ಡಿಗೆ ಏರಿಸಿಕೊಂಡು, ಪಟ್ಟಿಯನ್ನು ಕೆಳಮುಖವಾಗಿ ಹೊಸದಾಗಿ ಹೆಣೆಯಬೇಕು. ನಿಮ್ಮವರು ಅದನ್ನು ಮಾಡಬಲ್ಲರು. ಈ ಪುಟವನ್ನು ಅವರ ಕಣ್ಣಿಗೆ ಬೀಳುವಂತೆ ಎಲ್ಲಾದರೂ ಇಡಿ, ಅಲ್ಲಿಯವರೆಗೆ ತೋಳು ಮಡಚಿಕೊಳ್ಳಿ. ಕತ್ತರಿಯನ್ನು ಮಾತ್ರ ನೀವು ಮುಟ್ಟಬೇಡಿ.