ಚಾವಿ ತಿರುಗಿಸಬೇಡಿ ಅಣ್ಣಾ, ಮೊದಲು ಲೆಕ್ಕ ಹಾಕೋಣ

ಅಣ್ಣಾ, ನಿಮ್ಮ ಪೋಸ್ಟ್ ಈಗ ನೋಡಿದೆ. ಭೀಮಾ ದಂಡೆಯ ಹೊಲದ ಮನೆ ಮುಂದೆ ನಿಲ್ಲಿಸಿದ್ದ 2017ರ ಡೀಸೆಲ್ ಕಾರು, ಒಂದು ರಾತ್ರಿ ಪೂರ್ತಿ ಹೊಳೆ ನೀರಲ್ಲಿ ನಿಂತಿದೆ, ಸೀಟಿನ ಮಟ್ಟಕ್ಕೆ ನೀರು ಬಂದಿದೆ. ಫುಲ್ ಇನ್ಶೂರೆನ್ಸ್ ಇದೆ, ಐಡಿವಿ, ಅಂದರೆ ಪಾಲಿಸಿಯಲ್ಲಿ ಗಾಡಿಗೆ ಬರೆದ ಬೆಲೆ, 3 ಲಕ್ಷ 20 ಸಾವಿರ. ಊರಿನ ಮೆಕ್ಯಾನಿಕ್ 60 ಸಾವಿರಕ್ಕೆ ರೆಡಿ ಮಾಡ್ತೀನಿ ಅಂದಿದ್ದಾನೆ. ಗುಜರಿಯವನು 70 ಸಾವಿರ ಈಗಲೇ ಕೈಗೆ ಕೊಡ್ತೀನಿ ಅಂದಿದ್ದಾನೆ. ಏನು ಮಾಡಲಿ ಅಂತ ಕೇಳಿದ್ದೀರಿ. ಕೆಳಗೆ ಒಬ್ಬರು "ಇದು ತೊಗರಿ ಗುಂಪು, ಕಾರಿನ ಮಾತು ಯಾಕೆ" ಅಂದಿದ್ದಾರೆ. ತೊಗರಿ ಮಾರಿದ ದುಡ್ಡಲ್ಲೇ ಕಾರು ಬಂದದ್ದು ಅಲ್ವಾ, ಬರೆಯೋಣ ಬಿಡಿ.

2020ರ ಅಕ್ಟೋಬರ್‌ನಲ್ಲಿ ಭೀಮಾ ಬಂದಾಗ ನನ್ನ ಗಾಡಿಯೂ ಹೀಗೇ ನಿಂತಿತ್ತು. ನೀರು ಇಳಿದ ಮರುದಿನ ಚಾವಿ ತಿರುಗಿಸಿದೆ. 'ಟಕ್' ಅಂತ ಒಂದು ಸದ್ದು ಬಂತು, ಮುಂದೆ ಏನೂ ಇಲ್ಲ. ಬ್ಯಾಟರಿ ಇಳಿದಿರಬೇಕು ಅಂದುಕೊಂಡು ಟ್ರ್ಯಾಕ್ಟರಿಗೆ ಹಗ್ಗ ಕಟ್ಟಿ, ಎರಡನೇ ಗೇರಿಗೆ ಹಾಕಿ ಎಳೆಸಿದೆವು. ಒಳಗಿಂದ ಕಟಕಟ ಅಂದದ್ದು ಇನ್ನೂ ಕಿವಿಯಲ್ಲಿದೆ. ಸಿಲಿಂಡರ್ ತುಂಬ ನೀರಿತ್ತು. ಪಿಸ್ಟನ್ ಗಾಳಿಯನ್ನು ಒತ್ತಬಲ್ಲದು, ನೀರನ್ನು ಒತ್ತಲು ಆಗಲ್ಲ. ಹಾಗಾಗಿ ಪಿಸ್ಟನ್ನಿಗೆ ಕೂಡಿಸಿದ ಕನೆಕ್ಟಿಂಗ್ ರಾಡ್ ಬಾಗಿತು. ಇನ್ಶೂರೆನ್ಸ್‌ನವರು "ನೀರು ಬಂದು ಕೆಟ್ಟದ್ದಕ್ಕೆ ಕೊಡ್ತೀವಿ, ನೀವು ಸ್ಟಾರ್ಟ್ ಮಾಡಿ ಕೆಡಿಸಿದ ಎಂಜಿನ್‌ಗೆ ಕೊಡಲ್ಲ" ಅಂದರು. ಬೈದುಕೊಂಡೆ, ಆದರೆ ತಪ್ಪು ನನ್ನದೇ. ನೀರು ಹೋಗಿ ಎಂಜಿನ್ ಕೆಟ್ಟರೆ ಆಗುವ ಎಂಜಿನ್ ಪ್ರೊಟೆಕ್ಟ್ ಅಂತ ಒಂದು ಹೆಚ್ಚುವರಿ ಕವರ್ ಇರುತ್ತದೆ, ಅದನ್ನು ನಾನು ತಗೊಂಡಿರಲಿಲ್ಲ. ನಿಮ್ಮ ಪಾಲಿಸಿಯಲ್ಲಿ ಇದೆಯಾ ಅಂತ ಇವತ್ತೇ ನೋಡಿ.

ಹಾಗಾಗಿ ಮೊದಲು ಬಾನೆಟ್ ಎತ್ತಿ, ಹತ್ತರ ಪಾನಾದಿಂದ ಬ್ಯಾಟರಿಯ ಮೈನಸ್ ವೈರ್ ಬಿಚ್ಚಿಡಿ. ಆಮೇಲೆ ಎಂಜಿನ್ ಆಯಿಲ್ ನೋಡುವ ಕಡ್ಡಿ ಎಳೆದು ನೋಡಿ. ಆಯಿಲ್ ಹಾಲು ಹಾಕಿದ ಚಹಾದ ಬಣ್ಣಕ್ಕೆ ತಿರುಗಿದ್ದರೆ ನೀರು ಒಳಗೆ ಹೋಗಿದೆ ಅಂತ ಅರ್ಥ. ಸರಿಯಾಗಿ ಕಂಡರೂ ಸ್ಟಾರ್ಟ್ ಮಾಡಬೇಡಿ, ನೀರು ಏರ್ ಫಿಲ್ಟರ್ ಕಡೆಯಿಂದ ಸಿಲಿಂಡರಿಗೆ ಹೋಗಿರಬಹುದು. ಗಾಡಿ ತೊಳೆಯಬೇಡಿ. ಬಾಗಿಲ ಒಳಗೆ ಕೆಸರಿನ ಗೆರೆ ಮೂಡಿರುತ್ತದಲ್ಲ, ಅದರ ಪಕ್ಕ ಟೇಪ್ ಹಿಡಿದು ಫೋಟೋ ತೆಗೆಯಿರಿ. ಹಾನಿ ನೋಡಿ ಲೆಕ್ಕ ಹಾಕುವ ಇನ್ಶೂರೆನ್ಸ್ ಸರ್ವೇಯರ್ ಬರುವ ಹೊತ್ತಿಗೆ ಅದೇ ನಿಮ್ಮ ಸಾಕ್ಷಿ. ಇನ್ಶೂರೆನ್ಸ್ ಕಂಪನಿಗೆ ಫೋನ್ ಮಾಡಿ ಕ್ಲೇಮ್ ನಂಬರ್ ತಗೊಳ್ಳಿ. ವರ್ಕ್‌ಶಾಪಿಗೆ ಒಯ್ಯುವಾಗ ಹಗ್ಗ ಕಟ್ಟಿ ಎಳೆಸಬೇಡಿ, ಹೇರಿಕೊಂಡು ಹೋಗುವ ಗಾಡಿಯನ್ನೇ ಕರೆಸಿ.

ಈಗ ಲೆಕ್ಕ. ರಿಪೇರಿ ಖರ್ಚು ಐಡಿವಿಯ 75% ದಾಟಿದರೆ ಇನ್ಶೂರೆನ್ಸ್ ಕಂಪನಿಯವರು ಟೋಟಲ್ ಲಾಸ್, ಅಂದರೆ ಗಾಡಿ ಪೂರ್ತಿ ಹೋಯಿತು ಅಂತ ಮಾಡುತ್ತಾರೆ. ನಿಮ್ಮ ಗಾಡಿಗೆ ಆ ಗೆರೆ 2 ಲಕ್ಷ 40 ಸಾವಿರ. ಕಾರು ಕಂಪನಿಯ ವರ್ಕ್‌ಶಾಪಿನ ಎಸ್ಟಿಮೇಟ್ ಅದಕ್ಕಿಂತ ಜಾಸ್ತಿ ಬಂದರೆ ನಿಮಗೆ ಪೂರ್ತಿ ಐಡಿವಿ ಲೆಕ್ಕ. 1500 ಸಿಸಿ ಒಳಗಿನ ಗಾಡಿಗೆ 1000 ರೂಪಾಯಿ ಮುರಿದುಕೊಳ್ಳುತ್ತಾರೆ. ಕೆಟ್ಟ ಗಾಡಿ ಕಂಪನಿಯ ಪಾಲಿಗೆ ಹೋಗುತ್ತದೆ, ಇಲ್ಲ ನೀವೇ ಇಟ್ಟುಕೊಂಡರೆ ಅದರ ಬೆಲೆ ಕಳೆದು ಕೊಡುತ್ತಾರೆ. ಸಾಲ ಬಾಕಿ ಇದ್ದರೆ ದುಡ್ಡು ಮೊದಲು ಬ್ಯಾಂಕಿಗೆ ಹೋಗುತ್ತದೆ, ಅದು ಗೊತ್ತಿರಲಿ.

ಎಸ್ಟಿಮೇಟ್ 1 ಲಕ್ಷ 80 ಸಾವಿರ ಬಂತು ಅಂತಿಟ್ಟುಕೊಳ್ಳಿ. ಆಗ ರಿಪೇರಿ ಮಾಡಿಸಿ ಅನ್ನುತ್ತಾರೆ. "ಕಂಪನಿ ಕೊಡುತ್ತದಲ್ಲ" ಅಂತ ಜನ ಖುಷಿಪಡುತ್ತಾರೆ, ಪೆಟ್ಟು ಬೀಳುವುದು ಅಲ್ಲೇ. ಐದರಿಂದ ಹತ್ತು ವರ್ಷದ ಗಾಡಿಗೆ ಲೋಹದ ಭಾಗಗಳ ಬೆಲೆಯಲ್ಲಿ 40% ಕಳೆಯುತ್ತಾರೆ. ಪ್ಲಾಸ್ಟಿಕ್, ರಬ್ಬರ್, ಬ್ಯಾಟರಿ, ಏರ್‌ಬ್ಯಾಗ್‌ಗೆ 50%. ಜೀರೋ ಡೆಪ್, ಅಂದರೆ ಗಾಡಿ ಹಳೆಯದಾಯಿತು ಅಂತ ಬೆಲೆ ಕಳೆಯದ ಹೆಚ್ಚುವರಿ ಕವರ್ ಇದ್ದರೆ ಇದು ತಪ್ಪುತ್ತದೆ, ಆದರೆ ಇಷ್ಟು ಹಳೆಯ ಗಾಡಿಗೆ ಅದು ಇರುವುದು ಕಡಿಮೆ. ಎಂಜಿನ್ ಪ್ರೊಟೆಕ್ಟ್ ಇಲ್ಲದಿದ್ದರೆ ಎಂಜಿನ್ ಒಳಗಿನ ಕೆಲಸವೂ ನಿಮ್ಮ ಜೇಬಿಗೇ ಬರಬಹುದು. ಅಂದರೆ ಅರ್ಧದ ಹತ್ತಿರ ನೀವೇ ಕಟ್ಟಿ, ಕೊನೆಗೆ ನೀರು ಕುಡಿದ ಗಾಡಿಯನ್ನೇ ಓಡಿಸಬೇಕು. ಟೋಟಲ್ ಲಾಸ್‌ನಲ್ಲಿ ಈ ಕಡಿತ ಯಾವುದೂ ಇಲ್ಲ. ಅದಕ್ಕೇ ಎಸ್ಟಿಮೇಟ್ ಹಾಕಿಸುವಾಗ ಅರ್ಧಂಬರ್ಧ ಹಾಕಿಸಬೇಡಿ. ಸೀಟು, ಕಾರ್ಪೆಟ್ ಎತ್ತಿಸಿ, ವೈರಿಂಗ್ ಪೂರ್ತಿ ನೋಡಿಸಿ ಬರೆಸಿ. ಸುಳ್ಳು ಸೇರಿಸಿ ಅಂತ ಹೇಳುತ್ತಿಲ್ಲ, ಇದ್ದದ್ದನ್ನು ಬಿಡಬೇಡಿ ಅಂತ ಅಷ್ಟೇ.

60 ಸಾವಿರದ ಮೆಕ್ಯಾನಿಕ್ ಮೋಸಗಾರ ಅಂತ ನಾನು ಅನ್ನಲ್ಲ. ಆಯಿಲ್ ಬದಲಿಸಿ, ಫಿಲ್ಟರ್ ಹಾಕಿ, ಡೀಸೆಲ್ ಟ್ಯಾಂಕ್ ಖಾಲಿ ಮಾಡಿ, ಎಂಜಿನ್ ಓಡುವ ಹಾಗೆ ಮಾಡಿಕೊಡಬಹುದು. ಆದರೆ ಸೀಟಿನ ಮಟ್ಟಕ್ಕೆ ನೀರು ಬಂದ ಗಾಡಿಯಲ್ಲಿ ಎಂಜಿನ್‌ಗಿಂತ ವೈರಿಂಗ್‌ದೇ ದೊಡ್ಡ ತಲೆನೋವು. ನಾನು ಸೀಟು ಬಿಚ್ಚಿಸಿದ್ದು ಹದಿನೈದು ದಿನ ಆದ ಮೇಲೆ. ಕಾರ್ಪೆಟ್ ಮೇಲೆ ಕೈ ಇಟ್ಟರೆ ಒಣಗಿತ್ತು. ಎತ್ತಿದರೆ ಅದರ ಕೆಳಗಿನ ಸ್ಪಂಜು ನೆನೆದ ಕೌದಿ ಹಾಗೆ ಭಾರ. ಹಿಂಡಿದರೆ ಕಪ್ಪು ನೀರು. ಅದರ ಅಡಿಯಲ್ಲಿದ್ದ ವೈರಿನ ಕನೆಕ್ಟರ್ ಒಂದನ್ನು ಬಿಚ್ಚಿದರೆ, ತಿಕ್ಕದೇ ಬಿಟ್ಟ ತಾಮ್ರದ ಕೊಡಕ್ಕೆ ಬರುತ್ತದಲ್ಲ, ಅಂಥ ಹಸಿರು ಕಿಲುಬು. ನಮ್ಮ ಎರೆ ಮಣ್ಣು ನಿಮಗೆ ಗೊತ್ತಿರೋದೇ. ಹೊಲದಲ್ಲಿ ತೇವ ಹಿಡಿದಿಟ್ಟು ಹಿಂಗಾರಿ ಜೋಳ ಬೆಳೆಸುವ ಮಣ್ಣು ಅದು. ಕನೆಕ್ಟರ್ ಒಳಗೂ ಅದೇ ಕೆಲಸ ಮಾಡುತ್ತದೆ.

ಯುಗಾದಿ ಹೊತ್ತಿಗೆ ಒಂದು ರಾತ್ರಿ ಜೇವರ್ಗಿ ರಸ್ತೆಯಲ್ಲಿ ಬರುತ್ತಿದ್ದೆ. ಮಳೆ ಇಲ್ಲ, ಮೋಡ ಇಲ್ಲ, ವೈಪರ್ ತಾನಾಗಿ ತಿರುಗಲು ಶುರು ಮಾಡಿತು. ನಿಲ್ಲಿಸಿದರೂ ನಿಲ್ಲಲಿಲ್ಲ. ಮಗ ನಕ್ಕ, ನನಗೆ ನಗು ಬರಲಿಲ್ಲ. ಏರ್‌ಬ್ಯಾಗ್ ದೀಪ ಮೊದಲೇ ಹತ್ತಿಕೊಂಡಿತ್ತು. ಸುಮಾರು ಗಾಡಿಗಳಲ್ಲಿ ಏರ್‌ಬ್ಯಾಗ್ ನಡೆಸುವ ಎಲೆಕ್ಟ್ರಾನಿಕ್ ಡಬ್ಬಿ ಗೇರ್ ಹತ್ತಿರ, ನೆಲದ ಮೇಲೇ ಇರುತ್ತದೆ. ಸೀಟಿನವರೆಗೆ ನೀರು ಅಂದರೆ ಅದು ಮುಳುಗಿದೆ. ಹಳದಿ ಬಣ್ಣದ ಕನೆಕ್ಟರ್‌ಗಳು ಅದರವೇ, ಅವನ್ನು ಮನೆಯಲ್ಲಿ ಮುಟ್ಟಬೇಡಿ.

ಗುಜರಿಯವನ ವಿಷಯ. 70 ಸಾವಿರ ಎಣಿಸಿಕೊಂಡು, ಆರ್‌ಸಿ ಕೊಟ್ಟು, ಕೈ ತೊಳೆದುಕೊಂಡೆ ಅಂದುಕೊಳ್ಳಬೇಡಿ. ಆರ್‌ಟಿಓ ದಾಖಲೆಯಲ್ಲಿ ನಿಮ್ಮ ಹೆಸರು ಇರುವ ತನಕ ಆ ಕೆಎ-32 ನಂಬರಿನ ಗಾಡಿ ಎಲ್ಲೋ ಅಪಘಾತ ಮಾಡಿದರೂ ನೋಟಿಸ್ ನಿಮ್ಮ ಮನೆಗೇ. ನೋಂದಣಿಯಲ್ಲಿ ಯಾರ ಹೆಸರಿದೆಯೋ ಅವರೇ ಹೊಣೆ ಅಂತ 2018ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಇನ್ನು ಚಾಸಿಸ್ ನಂಬರ್ ಕತ್ತರಿಸಿ ಕದ್ದ ಗಾಡಿಗೆ ಕೂಡಿಸುವವರೂ ಇದ್ದಾರೆ. ಗಾಡಿ ಪೂರ್ತಿ ಹಾಳಾದರೆ 14 ದಿನದೊಳಗೆ ಆರ್‌ಟಿಓಗೆ ತಿಳಿಸಿ ಆರ್‌ಸಿ ರದ್ದು ಮಾಡಿಸಬೇಕು, ಮೋಟಾರು ವಾಹನ ಕಾಯ್ದೆಯ 55ನೇ ಸೆಕ್ಷನ್ ಅದೇ. ಟೋಟಲ್ ಲಾಸ್ ಆಗಿ ಗಾಡಿಯನ್ನು ಬೇರೆಯವರು ಒಯ್ದರೂ ಆರ್‌ಸಿ ರದ್ದಾಯಿತಾ, ಇಲ್ಲ ವರ್ಗವಾಯಿತಾ ಅಂತ ನೋಡದೆ ಬಿಡಬೇಡಿ.

ನೆರೆ ಹಾನಿ ಬರೆದುಕೊಳ್ಳಲು ಸರ್ಕಾರದವರು ಪಂಚನಾಮೆಗೆ ಬಂದಾಗ ಕಾರನ್ನೂ ಬರೆಸಿ ಅಂತ ಇನ್ನೊಬ್ಬರು ಹೇಳಿದ್ದಾರೆ. ಬೆಳೆ, ಮನೆ, ದನ ಮೊದಲು ಸರಿಯಾಗಿ ಬರೆಸಿ, ಪರಿಹಾರ ಇರೋದು ಅವಕ್ಕೆ. ಕಾರಿಗೆ ಅಲ್ಲಿ ದುಡ್ಡಿಲ್ಲ. ಆದರೆ ಊರಿಗೆ ಆ ದಿನ ನೀರು ಬಂದಿತ್ತು ಅನ್ನೋದಕ್ಕೆ ಆ ಕಾಗದದ ಪ್ರತಿ ಕ್ಲೇಮ್ ಜೊತೆ ಇಟ್ಟರೆ ಒಳ್ಳೆಯದು.

ಸರ್ವೇಯರ್ ರಿಪೇರಿಯೇ ಅಂತ ಬರೆದುಬಿಟ್ಟರೆ ಆಗ ಪಟ್ಟು ಹಿಡಿದು ಮಾಡಿಸಿ. ಕಾರ್ಪೆಟ್ ಕೆಳಗಿನ ಸ್ಪಂಜು ಹೊಸದು. ಗೇರ್ ಆಯಿಲ್ ಬದಲಿ, ಅಲ್ಲಿಗೂ ನೀರು ಹೋಗುತ್ತದೆ. ಸೆಲ್ಫ್ ಮೋಟಾರ್, ಆಲ್ಟರ್ನೇಟರ್ ಬಿಚ್ಚಿ ಸ್ವಚ್ಛ ಮಾಡಿಸಿ. ಬ್ರೇಕ್, ವೀಲ್ ಬೇರಿಂಗ್ ನೋಡಿಸಿ. ಹಾಗೆ ಮಾಡಿಸಿದರೂ ಒಂದು ವರ್ಷ ಆ ಗಾಡಿಯಲ್ಲಿ ರಾತ್ರಿ ಸೋಲಾಪುರ, ಹೈದರಾಬಾದ್ ಅಂತ ದೂರ ಹೋಗಬೇಡಿ.

ನನ್ನನ್ನು ಕೇಳಿದರೆ ನಿಮ್ಮ ಗಾಡಿ ಟೋಟಲ್ ಲಾಸ್‌ಗೆ ಹೋಗುವುದೇ ಒಳ್ಳೆಯದು, ಹೋಗುವ ಸಾಧ್ಯತೆಯೂ ಇದೆ. ಕೆಳಗೆ ಇನ್ನೊಬ್ಬರು ಮ್ಯಾಟ್ ಮಾತ್ರ ನೆನೆದಿದೆ ಅಂದಿದ್ದಾರೆ. ಅವರದು ಬೇರೆ ಮಾತು, ಕಾರ್ಪೆಟ್ ಎತ್ತಿ ನಾಲ್ಕು ದಿನ ಬಿಸಿಲಿಗೆ ಹಾಕಲಿ. ಅದೊಂದಕ್ಕೆ ನಮ್ಮ ಕಲಬುರಗಿ ಬಿಸಿಲು ಉಪಯೋಗಕ್ಕೆ ಬರುತ್ತದೆ.

ಆಯಿಲ್ ಕಡ್ಡಿಯ ಫೋಟೋ, ಪಾಲಿಸಿಯಲ್ಲಿ ಹೆಚ್ಚುವರಿ ಕವರ್ ಬರೆದಿರುವ ಪುಟದ ಫೋಟೋ ಇಲ್ಲೇ ಹಾಕಿ, ಪಾಲಿಸಿ ನಂಬರ್ ಮಾತ್ರ ಮುಚ್ಚಿ. ರಾತ್ರಿ ಊಟ ಆದ ಮೇಲೆ ನೋಡ್ತೀನಿ. ಅಲ್ಲಿಯವರೆಗೆ ಗುಜರಿಯವನಿಗೆ "ನಾಳೆ ಬಾ" ಅನ್ನಿ.